ಡಾಕ್ಟರಿಗೆ ನಿದ್ದೆ ಬೇಡವೇ?

ವೈದ್ಯರ ಬಗ್ಗೆ ನಮ್ಮಲ್ಲಿ ಎರಡು ಮಾತು ಒಟ್ಟೊಟ್ಟಿಗೇ ಓಡಾಡುತ್ತವೆ. ವೈದ್ಯನೇ ನಾರಾಯಣ ಎನ್ನುವುದು ಒಂದು. ಡಾಕ್ಟರಿಗೇನ್ರೀ, ಕೈತುಂಬ ಸಂಪಾದನೆ, ಅವರಿಗೆಂಥ ಕಷ್ಟ ಎನ್ನುವುದು ಇನ್ನೊಂದು. ಮೇಲ್ನೋಟಕ್ಕೆ ಒಂದು ಹೊಗಳಿಕೆ, ಇನ್ನೊಂದು ಮೂದಲಿಕೆ. ಆದರೆ ವೈದ್ಯರಿಗೂ ದಣಿವಾಗುತ್ತದೆ, ಹಸಿವಾಗುತ್ತದೆ, ಹೆದರಿಕೆಯಾಗುತ್ತದೆ ಎಂಬುದನ್ನು ಎರಡೂ ಮರೆಸಿಬಿಡುತ್ತವೆ. ಈ ಮರೆವಿಗೆ ಬೆಲೆ ತೆರುವವರಲ್ಲಿ ಮಂಚದ ಮೇಲೆ ಮಲಗಿದ ರೋಗಿಯೂ ಇದ್ದಾನೆ. ಆದ್ದರಿಂದಲೇ ಈ ವಿಷಯದಲ್ಲಿ ಬೇರೂರಿರುವ ಕೆಲವು ನಂಬಿಕೆಗಳನ್ನು ಬಿಡಿಸಿ ನೋಡಬೇಕಾಗಿದೆ.

‘ನಿದ್ದೆಗೆಟ್ಟು ದುಡಿದರೇನೇ ಒಳ್ಳೆಯ ಡಾಕ್ಟರಾಗುವುದು’

ಇದನ್ನು ಹೊರಗಿನವರಿಗಿಂತ ವೈದ್ಯರೇ ಹೆಚ್ಚು ನಂಬುತ್ತಾರೆ. ನಮ್ಮ ಕಾಲದಲ್ಲಿ ಮೂರು ದಿನ ಹಾಸ್ಟೆಲ್ ಮುಖ ನೋಡುತ್ತಿರಲಿಲ್ಲ ಎಂದು ಹಿರಿಯರು ಹೆಮ್ಮೆಯಿಂದಲೇ ಹೇಳುತ್ತಾರೆ.

ಮೆಡಿಕಲ್ ಕಾಲೇಜಿನ ದೊಡ್ಡ ಆಸ್ಪತ್ರೆಯಲ್ಲಿ ಮೆಡಿಸಿನ್ ಯೂನಿಟ್ಟಿನ ಅಡ್ಮಿಷನ್ ದಿನ ಹೇಗಿರುತ್ತದೆ ನೋಡಿ. ಬೆಳಿಗ್ಗೆ ಆರಕ್ಕೆ ಎದ್ದ ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿ) ಏಳಕ್ಕೆಲ್ಲ ವಾರ್ಡಿನಲ್ಲಿ ಕೇಸ್ ಶೀಟು ಹಿಡಿದು ರೌಂಡ್ಸಿಗೆ ತಯಾರಾಗಬೇಕು. ರೌಂಡ್ಸ್ ಆದ ಮೇಲೆ ಒಪಿಡಿ. ಒಪಿಡಿ ಮುಗಿಯುವ ಮೊದಲೇ ಕ್ಯಾಶುವಾಲ್ಟಿಯಿಂದ ಕರೆ. ರಾತ್ರಿ ಮೂರರ ಹೊತ್ತಿಗೆ ಒಂದು ಮಂಚದಲ್ಲಿ ಕೀಟನಾಶಕ ಕುಡಿದ ರೈತ. ಅವನ ಕಣ್ಣಿನ ಪಾಪೆ, ನಾಡಿ, ಎದೆಯ ಸದ್ದು ನೋಡಿಕೊಂಡು ಐದೈದು ನಿಮಿಷಕ್ಕೆ ಅಟ್ರೋಪಿನ್ ಏರಿಸುತ್ತ ಹೋಗಬೇಕು. ಪಕ್ಕದ ಮಂಚದಲ್ಲಿ ಸಕ್ಕರೆ ಕಾಯಿಲೆ ವಿಕೋಪಕ್ಕೆ ಹೋಗಿ ಜೋರಾಗಿ ಉಸಿರೆಳೆಯುತ್ತಿರುವ ಹುಡುಗಿ. ಅವಳಿಗೆ ಇನ್ಸುಲಿನ್ ಜೊತೆ ಪೊಟ್ಯಾಸಿಯಂ ಎಷ್ಟು, ಯಾವ ವೇಗದಲ್ಲಿ ಹೋಗಬೇಕೆಂದು ಮತ್ತೆ ಮತ್ತೆ ಲೆಕ್ಕ ಹಾಕಬೇಕು. ಲೆಕ್ಕ ತಪ್ಪಿದರೆ ಹೃದಯವೇ ನಿಲ್ಲಬಹುದು. ಆ ಲೆಕ್ಕ ಹಾಕುತ್ತಿರುವ ಪಿಜಿ ಎದ್ದು ಆಗಲೇ ಇಪ್ಪತ್ತೊಂದು ಗಂಟೆಯಾಗಿದೆ. ಬೆಳಗಾದರೆ ಮತ್ತೆ ರೌಂಡ್ಸ್, ರಾತ್ರಿ ಬಂದ ಅಷ್ಟೂ ಕೇಸುಗಳನ್ನು ಹಿರಿಯರಿಗೆ ಒಪ್ಪಿಸುವುದು, ಆಮೇಲೆ ಡಿಸ್ಚಾರ್ಜ್ ಸಮ್ಮರಿಗಳು. ರೂಮು ಸೇರುವುದು ಮರುದಿನ ಸಂಜೆಗೆ.

ಈ ಸ್ಥಿತಿಯಲ್ಲಿ ಮಿದುಳು ಹೇಗಿರುತ್ತದೆ ಎಂಬುದನ್ನು ಅಳೆದು ನೋಡಿದ್ದಾರೆ. 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಡಾಸನ್ ಮತ್ತು ರೀಡ್ ಅವರ ಅಧ್ಯಯನದ ಪ್ರಕಾರ, ಸತತ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ 0.05ರಷ್ಟು ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ. 24 ಗಂಟೆಯಾದರೆ ಅದು ಸುಮಾರು ಶೇ 0.10ಕ್ಕೆ ಸಮ. ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಮಿತಿ ಇರುವುದು ಶೇ 0.03. ಅಂದರೆ ಯಾವ ಸ್ಥಿತಿಯಲ್ಲಿ ಬೈಕು ಓಡಿಸಿದರೆ ಪೊಲೀಸರು ಹಿಡಿದು ಕೇಸು ಹಾಕುತ್ತಾರೋ, ಅದಕ್ಕಿಂತ ಕೆಟ್ಟ ಸ್ಥಿತಿಯಲ್ಲಿರುವವರ ಕೈಗೆ ನಾವು ಸಿರಿಂಜು ಕೊಟ್ಟಿದ್ದೇವೆ.

ಬಾಸ್ಟನ್ನಿನ ಆಸ್ಪತ್ರೆಯೊಂದರ ಐಸಿಯುಗಳಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದರು. 24 ಗಂಟೆ ಮೀರುವ ಹಳೆಯ ಪಾಳಿಯಲ್ಲಿದ್ದ ಇಂಟರ್ನ್‌ಗಳು, ಪಾಳಿ ಕಡಿಮೆ ಮಾಡಿಸಿಕೊಂಡವರಿಗಿಂತ ಶೇ 36ರಷ್ಟು ಹೆಚ್ಚು ಗಂಭೀರ ತಪ್ಪುಗಳನ್ನು ಮಾಡಿದ್ದರು. ಇದು 2004ರ ವರದಿ. ಅದಕ್ಕೂ ಇಪ್ಪತ್ತು ವರ್ಷ ಹಿಂದೆ, 1984ರಲ್ಲಿ, ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ಲಿಬ್ಬಿ ಝಯಾನ್ ಎಂಬ 18ರ ಹುಡುಗಿ ಸೇರಿದ ಕೆಲವೇ ಗಂಟೆಗಳಲ್ಲಿ ತೀರಿಕೊಂಡಿದ್ದಳು. ಅವಳನ್ನು ನೋಡಿಕೊಂಡವರು ದೀರ್ಘ ಪಾಳಿಯಲ್ಲಿದ್ದ ಕಿರಿಯ ವೈದ್ಯರು. ಪತ್ರಕರ್ತನಾಗಿದ್ದ ಅವಳ ತಂದೆ ಪಟ್ಟುಹಿಡಿದು ಹೋರಾಡಿದ. 1989ರಲ್ಲಿ ನ್ಯೂಯಾರ್ಕ್ ರಾಜ್ಯ ವಾರಕ್ಕೆ 80 ಗಂಟೆಯ ಮಿತಿ ತಂದಿತು, 2003ರಲ್ಲಿ ಇಡೀ ಅಮೆರಿಕದ ತರಬೇತಿ ಆಸ್ಪತ್ರೆಗಳಿಗೆ ಅದು ಬಂತು.

ಹಿರಿಯರದ್ದೊಂದು ಆಕ್ಷೇಪವಿದೆ: ಪಾಳಿ ಬದಲಾದಷ್ಟೂ ರೋಗಿಯ ಮಾಹಿತಿ ಸೋರಿಹೋಗುತ್ತದೆ, ಬೆಳಿಗ್ಗೆ ಬಂದವರಿಗೆ ರಾತ್ರಿಯ ಕಥೆ ಗೊತ್ತಿರುವುದಿಲ್ಲ. ಈ ಮಾತಿನಲ್ಲಿ ಹುರುಳಿದೆ. ಅಮೆರಿಕದ ಶಸ್ತ್ರಚಿಕಿತ್ಸಾ ವಿಭಾಗಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಒಂದೊಂದು ಪಾಳಿಯ ಉದ್ದದ ಮೇಲಿನ ನಿಯಮ ಸಡಿಲಿಸಿದರೂ ರೋಗಿಗಳಿಗೆ ಹೆಚ್ಚಿನ ಕೆಡುಕಾಗಲಿಲ್ಲ. ಆದರೆ ಆ ಅಧ್ಯಯನದಲ್ಲೂ ವಾರಕ್ಕೆ 80 ಗಂಟೆಯ ಮಿತಿಯನ್ನು ಯಾರೂ ಮುಟ್ಟಿರಲಿಲ್ಲ. ಇನ್ನು ಮಾಹಿತಿ ಸೋರುವುದಕ್ಕೆ ಮದ್ದು ಬೇರೆಯೇ ಇದೆ. ಒಂಬತ್ತು ಆಸ್ಪತ್ರೆಗಳಲ್ಲಿ ಪಾಳಿ ಒಪ್ಪಿಸುವಾಗ ಏನೇನು, ಯಾವ ಕ್ರಮದಲ್ಲಿ ಹೇಳಬೇಕೆಂದು ಗೊತ್ತುಮಾಡಿ ಕಲಿಸಿದಾಗ ತಪ್ಪುಗಳು ಶೇ 23ರಷ್ಟು ಇಳಿದವು. ನಮ್ಮಲ್ಲಿ ಎಷ್ಟೋ ಕಡೆ ಪಾಳಿ ಒಪ್ಪಿಸುವುದೆಂದರೆ ಕಾರಿಡಾರಿನಲ್ಲಿ ನಡೆಯುತ್ತ ಹೇಳುವ ನಾಲ್ಕು ಮಾತು. ಮೊದಲು ಸುಧಾರಿಸಬೇಕಾದದ್ದು ಅದು.

‘ನಮ್ಮ ದೇಶದಲ್ಲಿ ಇದಕ್ಕೆಲ್ಲ ನಿಯಮವೇ ಇಲ್ಲ’

ಇದೆ, ಮೂವತ್ತು ವರ್ಷಕ್ಕೂ ಹಳೆಯದು. 1992ರ ಜೂನ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ನಿರ್ದೇಶನದಂತೆ ಪಿಜಿಗಳೂ ಸೇರಿದ ರೆಸಿಡೆಂಟ್ ವೈದ್ಯರ ಸತತ ಪಾಳಿ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಸ್ನಾತಕೋತ್ತರ ನಿಯಮಾವಳಿಯೂ ವಾರಕ್ಕೊಂದು ರಜೆ ಮತ್ತು ದಿನದಲ್ಲಿ ತಕ್ಕಷ್ಟು ವಿಶ್ರಾಂತಿಯ ಮಾತಾಡುತ್ತದೆ. ‘ತಕ್ಕಷ್ಟು’ ಎಂದರೆ ಎಷ್ಟೆಂದು ಮಾತ್ರ ಹೇಳುವುದಿಲ್ಲ. ಅದೇ ಆಯೋಗದ ಕಾರ್ಯಪಡೆ 2024ರಲ್ಲಿ ಕೊಟ್ಟ ವರದಿ ವಾರಕ್ಕೆ 74 ಗಂಟೆ ಮೀರದಿರಲಿ ಎಂದು ಶಿಫಾರಸು ಮಾಡಿತು. 1992ರಲ್ಲಿ 48 ಎಂದಿದ್ದ ದೇಶದಲ್ಲಿ 2024ರ ಹೊತ್ತಿಗೆ 74 ಎನ್ನುವುದೇ ಸುಧಾರಣೆಯಾಗಿ ಕಾಣುತ್ತದೆ ಎಂದರೆ, ನಿಯಮಕ್ಕೂ ವಾರ್ಡಿಗೂ ಇರುವ ದೂರ ಎಷ್ಟೆಂದು ತಿಳಿಯುತ್ತದೆ.

2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಅತ್ಯಾಚಾರಕ್ಕೊಳಗಾಗಿ ಕೊಲೆಯಾದ 31 ವರ್ಷದ ವೈದ್ಯೆ, ದೀರ್ಘ ಪಾಳಿಯ ನಡುವೆ ಕಣ್ಣುಮುಚ್ಚಲು ಹೋಗಿದ್ದು ಸೆಮಿನಾರ್ ಹಾಲಿಗೆ. ದೇಶದ ಎಷ್ಟೋ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿಯವರಿಗೆ ವಿಶ್ರಾಂತಿ ಕೊಠಡಿಯೇ ಇಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ ಆ ಪ್ರಕರಣದಲ್ಲಿ ಗಮನಿಸಿತು. ಚಿಲಕವಿರುವ ಬಾಗಿಲು, ಒಂದು ಮಂಚ, ಹೆಂಗಸರಿಗೆ ಬೇರೆ ಶೌಚಾಲಯ. ಇಷ್ಟನ್ನು ಕೇಳಲು ಒಂದು ಸಾವು ಬೇಕಾಯಿತು.

‘ಬಳಲುವುದು ಮನಸ್ಸು ಗಟ್ಟಿ ಇಲ್ಲದವರು, ಯೋಗ ಮಾಡಿದರೆ ಸರಿಹೋಗುತ್ತದೆ’

ಇಂಗ್ಲಿಷಿನಿಂದ ಬಂದ ‘ಬರ್ನ್‌ಔಟ್’ ಎಂಬ ಮಾತನ್ನು ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರಲ್ಲಿ ದುಡಿಯುತ್ತಿದ್ದ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ ಚಾಲ್ತಿಗೆ ತಂದರು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹನ್ನೊಂದನೇ ಆವೃತ್ತಿ ಅದನ್ನು ಕಾಯಿಲೆ ಎಂದು ಕರೆಯುವುದಿಲ್ಲ. ನಿಭಾಯಿಸಲಾಗದೆ ಉಳಿದುಹೋದ ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿ ಎನ್ನುತ್ತದೆ. ಲಕ್ಷಣ ಮೂರು: ಶಕ್ತಿಯೆಲ್ಲ ಬಸಿದುಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ತನ್ನಿಂದ ಏನೂ ಆಗುತ್ತಿಲ್ಲ ಎನಿಸುವುದು. ‘ಮಂಜುನಾಥ’ ಎಂದು ಹೆಸರು ಹಿಡಿದು ಕರೆಯುತ್ತಿದ್ದ ವೈದ್ಯ ಕ್ರಮೇಣ ‘ಏಳನೇ ಬೆಡ್ಡಿನ ಲಿವರ್’ ಎನ್ನತೊಡಗುತ್ತಾನೆ. ರೋಗಿಯ ಕಡೆಯವರಿಗೆ ಅದು ಸೊಕ್ಕಿನಂತೆ ಕೇಳುತ್ತದೆ. ಎಷ್ಟೋ ಸಲ ಅದು ಎರಡನೆಯ ಲಕ್ಷಣ.

ಯೋಗ, ಧ್ಯಾನದಿಂದ ಉಪಯೋಗವಿಲ್ಲ ಎನ್ನಲಾರೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ, ವೈದ್ಯರಿಗೆ ಮನಸ್ಸು ಗಟ್ಟಿಮಾಡಿಕೊಳ್ಳಲು ಕಲಿಸುವ ಕಾರ್ಯಕ್ರಮಗಳಿಂದ ಸಣ್ಣ ಪ್ರಯೋಜನ ಕಂಡಿತು. ಪಾಳಿ, ಕೆಲಸದ ಹೊರೆ, ತಂಡದ ವ್ಯವಸ್ಥೆಯನ್ನು ಆಸ್ಪತ್ರೆಯೇ ಬದಲಿಸಿದಲ್ಲಿ ಸಿಕ್ಕ ಪ್ರಯೋಜನ ಅದಕ್ಕಿಂತ ದೊಡ್ಡದು. ಪಾಳಿ ಪಟ್ಟಿಯನ್ನು ಮುಟ್ಟದೆ ಯೋಗ ಶಿಬಿರ ಮಾತ್ರ ನಡೆಸುವುದು, ಸೋರುವ ಸೂರಿನ ಕೆಳಗೆ ದಿನವೂ ನೆಲ ಒರೆಸಿದಂತೆ.

ದುಡಿಮೆಯ ಗಂಟೆಗಳಲ್ಲಿ ಅಳೆಯಲಾಗದ ನೋವೂ ಒಂದಿದೆ. ಏನು ಮಾಡಿದರೆ ರೋಗಿ ಉಳಿಯುತ್ತಾನೆಂದು ಗೊತ್ತಿದ್ದೂ ಮಾಡಲಾಗದ ಸ್ಥಿತಿ ಅದು. ಐಸಿಯುವಿನಲ್ಲಿ ಮಂಚ ಖಾಲಿ ಇಲ್ಲ. ಖಾಸಗಿ ಆಸ್ಪತ್ರೆಗೆ ಕಳಿಸೋಣವೆಂದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ರೆಫರಲ್, ಮಂಜೂರಾತಿ ಆಗಬೇಕು. ‘ಎಷ್ಟು ಖರ್ಚಾಗುತ್ತೆ ಸಾರ್’ ಎಂದು ಕೇಳುವ ಅಪ್ಪನ ಮುಖ ನೋಡಿ ಕಡಿಮೆ ಖರ್ಚಿನ, ಕಡಿಮೆ ಗುಣದ ದಾರಿಯನ್ನು ಸೂಚಿಸಬೇಕು. ಇದು ದಿನಕ್ಕೆ ನಾಲ್ಕು ಸಲ ಆದರೆ, ಎಂಟು ಗಂಟೆ ಮಲಗಿ ಎದ್ದವರೂ ಬಳಲುತ್ತಾರೆ.

‘ಡಾಕ್ಟರು ಮುಖ ಕೂಡ ನೋಡಲ್ಲ, ಚೀಟಿ ಬರೆದು ಕಳಿಸ್ತಾರೆ’

ದೂರು ನಿಜ, ಕಾರಣದ ಬಗ್ಗೆ ನಮ್ಮ ಊಹೆ ತಪ್ಪು. 67 ದೇಶಗಳ ಮಾಹಿತಿ ಕಲೆಹಾಕಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಬ್ಬ ರೋಗಿಗೆ ವೈದ್ಯರು ಕೊಡುವ ಸರಾಸರಿ ಹೊತ್ತು ಸ್ವೀಡನ್ನಿನಲ್ಲಿ 22.5 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ಭಾರತದಲ್ಲಿ ಸುಮಾರು ಎರಡು ನಿಮಿಷ. ಸ್ವೀಡನ್ನಿನ ವೈದ್ಯರು ಹುಟ್ಟಾ ಸೌಜನ್ಯವಂತರೆಂದು ಹೀಗಾಗಿದ್ದಲ್ಲ. ಅವರ ಬಾಗಿಲಲ್ಲಿ ನೂರೈವತ್ತು ಜನರ ಸಾಲಿಲ್ಲ.

ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಲೆಕ್ಕವೇ ಬಯಲುಸೀಮೆಯಲ್ಲಿ 30,000 ಜನಕ್ಕೊಂದು, ಗುಡ್ಡಗಾಡಿನಲ್ಲಿ 20,000ಕ್ಕೊಂದು. ಅಲ್ಲಿನ ವೈದ್ಯಾಧಿಕಾರಿ ಒಪಿಡಿ ಮುಗಿಸಿದರೆ ದಿನ ಮುಗಿಯಿತೆಂದು ಹಳ್ಳಿಯವರು ತಿಳಿಯುತ್ತಾರೆ. ಕ್ಷಯದ ರೋಗಿಗಳ ವಿವರ ನಿಕ್ಷಯ್ ಪೋರ್ಟಲ್ಲಿಗೆ, ಲಸಿಕೆಯದ್ದು ಯು-ವಿನ್‌ಗೆ, ತಿಂಗಳ ಲೆಕ್ಕ ಎಚ್‌ಎಂಐಎಸ್‌ಗೆ ಹೋಗಬೇಕು. ಪ್ರತಿ ತಿಂಗಳ 9ಕ್ಕೆ ಗರ್ಭಿಣಿಯರ ವಿಶೇಷ ತಪಾಸಣೆ. ಜಾತ್ರೆಗೆ ಡ್ಯೂಟಿ, ಹೊಡೆದಾಟದ ಕೇಸಿನಲ್ಲಿ ಗಾಯದ ಪ್ರಮಾಣಪತ್ರ, ಮೂರು ವರ್ಷದ ಹಿಂದಿನ ಗಾಯಕ್ಕೆ ಈಗ ಕೋರ್ಟಿನ ಸಮನ್ಸು. ನರ್ಸ್ ಹುದ್ದೆಯೋ ಫಾರ್ಮಸಿಸ್ಟ್ ಹುದ್ದೆಯೋ ಖಾಲಿ ಇದ್ದರೆ ಆ ಭಾರವೂ ಹೆಗಲಿಗೆ ಬರುತ್ತದೆ. ಕಂಪ್ಯೂಟರ್ ಬಂದರೆ ಹಗುರವಾಗುತ್ತದೆಂಬ ಭರವಸೆಯನ್ನು ಶ್ರೀಮಂತ ದೇಶಗಳ ಅನುಭವವೂ ಸುಳ್ಳಾಗಿಸಿದೆ: 2016ರ ಅಮೆರಿಕದ ಅಧ್ಯಯನವೊಂದರಲ್ಲಿ ವೈದ್ಯರು ರೋಗಿಯೊಡನೆ ಕಳೆದ ಪ್ರತಿ ಒಂದು ಗಂಟೆಗೆ ಸುಮಾರು ಎರಡು ಗಂಟೆ ಕಂಪ್ಯೂಟರು, ಕಾಗದಪತ್ರಕ್ಕೆ ಹೋಗಿತ್ತು.

‘ನಾಲ್ಕು ಬಿಗಿದರೆ ಮುಂದೆ ಹುಷಾರಾಗಿ ನೋಡ್ತಾರೆ’

ಈ ಮಾತನ್ನು ವಾರ್ಡಿನ ಬಾಗಿಲಲ್ಲೇ ಕೇಳಬಹುದು. ಆಗುವುದು ಇದರ ತದ್ವಿರುದ್ಧ. ಹೆದರಿದ ವೈದ್ಯರು ತೊಡಕಿನ ಕೇಸನ್ನು ಮುಟ್ಟುವುದಿಲ್ಲ. ಹೆರಿಗೆಯ ನಂತರ ರಕ್ತಸ್ರಾವ ಶುರುವಾದ ಬಾಣಂತಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಮೊದಲ ಅರ್ಧ ಗಂಟೆಯಲ್ಲಿ ಮಾಡಬೇಕಾದ ಕೆಲಸವಿರುತ್ತದೆ. ಅದನ್ನು ಬಿಟ್ಟು ಆಂಬುಲೆನ್ಸ್ ಹತ್ತಿಸಿದರೆ ದಾರಿಯಲ್ಲೇ ಜೀವ ಹೋಗಬಹುದು. 2022ರಲ್ಲಿ ರಾಜಸ್ಥಾನದ ದೌಸಾದಲ್ಲಿ ಇಂಥದೇ ರಕ್ತಸ್ರಾವದ ಸಾವಿನ ನಂತರ ವೈದ್ಯೆಯ ಮೇಲೆ ಕೊಲೆ ಮೊಕದ್ದಮೆ ದಾಖಲಾಯಿತು, ಆಕೆ ಆತ್ಮಹತ್ಯೆ ಮಾಡಿಕೊಂಡರು. ವೈದ್ಯರ ವಿರುದ್ಧ ಕ್ರಿಮಿನಲ್ ಕ್ರಮಕ್ಕೆ ಘೋರ ನಿರ್ಲಕ್ಷ್ಯ ಕಾಣಬೇಕು, ಮೊದಲು ಇನ್ನೊಬ್ಬ ನುರಿತ ವೈದ್ಯರ ಅಭಿಪ್ರಾಯ ಪಡೆಯಬೇಕು ಎಂದು ಸುಪ್ರೀಂ ಕೋರ್ಟ್ 2005ರಲ್ಲೇ, ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ, ಹೇಳಿತ್ತು.

ಹಾಗೆಂದು ನೊಂದವರು ಬಾಯಿ ಮುಚ್ಚಿಕೊಳ್ಳಬೇಕಿಲ್ಲ. ವೈದ್ಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು 1995ರಲ್ಲೇ ತೀರ್ಪಾಗಿದೆ. ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ಖಾಸಗಿ ಆಸ್ಪತ್ರೆಯಾದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಜಿಲ್ಲಾ ಮಟ್ಟದಲ್ಲೇ ದೂರು ಕೇಳುವ ಪ್ರಾಧಿಕಾರವಿದೆ. ಈ ದಾರಿಗಳು ನಿಧಾನವೆಂಬ ಅಸಮಾಧಾನ ನ್ಯಾಯವಾದದ್ದೇ, ಅವುಗಳನ್ನು ಚುರುಕುಗೊಳಿಸಿ ಎಂದು ಕೇಳೋಣ. ಹಲ್ಲೆ ಮಾತ್ರ 2009ರ ರಾಜ್ಯ ಕಾಯ್ದೆಯಡಿ ಜೈಲಿಗೆ ದಾರಿ.

‘ಡಾಕ್ಟರಿಗೆ ತನ್ನ ಆರೋಗ್ಯ ನೋಡಿಕೊಳ್ಳಲು ಬರುವುದಿಲ್ಲವೇ?’

ತಿಳಿವಳಿಕೆ ಇದ್ದಮಾತ್ರಕ್ಕೆ ನೆರವು ಕೇಳುವ ಧೈರ್ಯ ಬರುವುದಿಲ್ಲ. ಮೇಲೆ ಹೇಳಿದ ಕಾರ್ಯಪಡೆಯ ಸಮೀಕ್ಷೆಯಲ್ಲಿ ಎಂಬಿಬಿಎಸ್ ವಿದ್ಯಾರ್ಥಿಗಳಲ್ಲಿ ಶೇ 16.2, ಪಿಜಿಗಳಲ್ಲಿ ಶೇ 31.2 ಮಂದಿ ತಮಗೆ ಹಾನಿ ಮಾಡಿಕೊಳ್ಳುವ ಅಥವಾ ಆತ್ಮಹತ್ಯೆಯ ಯೋಚನೆ ಬಂದದ್ದನ್ನು ಹೇಳಿಕೊಂಡಿದ್ದರು. ಮನೋವೈದ್ಯರ ಬಳಿ ಹೋದರೆ ಪಕ್ಕದ ಡಿಪಾರ್ಟ್‌ಮೆಂಟಿಗೇ ಸುದ್ದಿ, ಪರೀಕ್ಷೆಯಲ್ಲಿ ಅಂಕಕ್ಕೆ ಕುತ್ತು ಎಂಬ ಅಳುಕು. ಹಾಗಾಗಿ ತಾವೇ ತಮಗೆ ಮಾತ್ರೆ ಬರೆದುಕೊಳ್ಳುತ್ತಾರೆ. ಅಂಥವರಿಗೆ, ಅವರ ಮನೆಯವರಿಗೆ ಗೊತ್ತಿರಬೇಕಾದ ಸಂಖ್ಯೆ 14416. ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು, ಕರೆ ಮಾಡಿದ ಸುದ್ದಿ ಕಾಲೇಜಿಗೆ ಹೋಗುವುದಿಲ್ಲ.

ಪ್ರಪಂಚದ ವೈದ್ಯರು ಸ್ವೀಕರಿಸುವ ಜಿನೀವಾ ಪ್ರತಿಜ್ಞೆಗೆ 2017ರಲ್ಲಿ ಹೊಸ ಸಾಲೊಂದು ಸೇರಿತು: ಉತ್ತಮ ಚಿಕಿತ್ಸೆ ಕೊಡುವ ಸಲುವಾಗಿಯೇ ವೈದ್ಯ ತನ್ನ ಆರೋಗ್ಯ, ಯೋಗಕ್ಷೇಮವನ್ನು ಕಾಯ್ದುಕೊಳ್ಳಬೇಕು. ತನ್ನನ್ನು ತಾನು ನೋಡಿಕೊಳ್ಳುವುದು ಸ್ವಾರ್ಥ ಎಂಬ ಹಳೆಯ ಭಾವನೆಗೆ ವೃತ್ತಿಯೇ ಕೊಟ್ಟ ಉತ್ತರವದು.

‘ಸೀಟು ಹೆಚ್ಚಿಸಿದರೆ ಎಲ್ಲ ತಾನಾಗಿ ಸರಿಹೋಗುತ್ತದೆ’

ದೇಶದಲ್ಲಿ 2014ರ ಮೊದಲು 51 ಸಾವಿರ ಚಿಲ್ಲರೆ ಇದ್ದ ಎಂಬಿಬಿಎಸ್ ಸೀಟುಗಳು 2024ರ ಹೊತ್ತಿಗೆ 1 ಲಕ್ಷ 10 ಸಾವಿರ ದಾಟಿದವು. ಪಿಜಿಯ ಪಾಳಿ ಅದರಿಂದ ಅರ್ಧಕ್ಕಿಳಿಯಲಿಲ್ಲ. ಓದಿ ಹೊರಬಂದವರನ್ನು ತೆಗೆದುಕೊಳ್ಳಲು ಮಂಜೂರಾದ ಹುದ್ದೆ ಬೇಕು, ಆ ಹುದ್ದೆ ಕಲಬುರಗಿ, ಚಾಮರಾಜನಗರದ ತಾಲ್ಲೂಕುಗಳಲ್ಲೂ ಭರ್ತಿಯಾಗಬೇಕು, ವೈದ್ಯರ ಜೊತೆಗೆ ನರ್ಸುಗಳೂ ಡೇಟಾ ಎಂಟ್ರಿಯವರೂ ಬರಬೇಕು. ಅದಕ್ಕೆ ಹಣವೂ ವರ್ಷಗಳೂ ಹಿಡಿಯುತ್ತವೆ. ಗಂಟೆ ಎಣಿಸುವುದಕ್ಕೆ ಅಷ್ಟು ಕಾಯಬೇಕಿಲ್ಲ. ಮೆಡಿಕಲ್ ಕಾಲೇಜುಗಳಲ್ಲಿ ಬಯೋಮೆಟ್ರಿಕ್ ಹಾಜರಿ ಈಗಾಗಲೇ ಇದೆ. ಪಿಜಿ ಬಂದ ಹೊತ್ತು, ಹೋದ ಹೊತ್ತು ಎರಡನ್ನೂ ಅದರಲ್ಲೇ ಬರೆದಿಟ್ಟು, ವಾರದ ಒಟ್ಟು ಗಂಟೆಗಳನ್ನು ಪ್ರತಿ ವಿಭಾಗದ ಬಾಗಿಲಲ್ಲಿ ಅಂಟಿಸಲು ಹೊಸ ಕಾನೂನು ಬೇಕಾಗಿಲ್ಲ. ಮಂಚ ಎಷ್ಟು, ಬೋಧಕರು ಎಷ್ಟು ಎಂದು ಲೆಕ್ಕ ಕೇಳುವ ವೈದ್ಯಕೀಯ ಆಯೋಗ ಇದನ್ನೂ ಕೇಳಲಿ.