ಕೊಂಬೆ ಕೊಯ್ಯುವ ಜಾಗ

ಮಲ್ಲೇಶ್ವರದ ನಮ್ಮ ಮನೆಯ ಹಿತ್ತಲಲ್ಲಿ ಒಂದು ರಸಪುರಿ ಮಾವಿನ ಮರವಿದೆ. ನೆಟ್ಟವರು ಅಜ್ಜ. ಅಮ್ಮ ಮದುವೆಯಾಗಿ ಈ ಮನೆಗೆ ಬಂದಾಗಲೇ ಅದು ಮಾಡಿನ ಹೆಂಚು ದಾಟಿ ಬೆಳೆದಿತ್ತಂತೆ. ಇಪ್ಪತ್ತು ವರ್ಷದ ಹಿಂದೆ, ಪಕ್ಕದ ಮನೆಯ ತಾರಸಿಗೆ ಚಾಚಿದ್ದ ದಪ್ಪ ಕೊಂಬೆಯೊಂದನ್ನು ಕಡಿಸಿದೆವು. ಬಂದವರು ಅರ್ಧ ದಿನದಲ್ಲಿ ಕೆಲಸ ಮುಗಿಸಿದರು. ಕಡಿದ ಜಾಗವನ್ನು ಕಾಂಡಕ್ಕೆ ಸಮನಾಗುವಂತೆ ನುಣ್ಣಗೆ ಕೆತ್ತಿ, ಮೇಲೆ ಡಾಂಬರು ಬಳಿದು ಹೋದರು. ಎಷ್ಟು ಅಚ್ಚುಕಟ್ಟು ಎಂದು ಮನೆಯವರೆಲ್ಲ ಮೆಚ್ಚಿಕೊಂಡೆವು. ಈಗ ಅಲ್ಲಿ ಮೊಣಕೈವರೆಗೆ ಕೈ ತೂರುವಷ್ಟು ದೊಡ್ಡ ಪೊಟರೆ.

ನಮ್ಮ ಕೈಗೆ ಗಾಯವಾದರೆ ಕೆಟ್ಟ ಜೀವಕೋಶಗಳು ಹೋಗಿ ಅದೇ ಜಾಗದಲ್ಲಿ ಹೊಸವು ಹುಟ್ಟುತ್ತವೆ. ಹದಿನೈದು ದಿನದಲ್ಲಿ ಗಾಯ ಮಾಯುತ್ತದೆ. ಮರಕ್ಕೆ ಅದು ಸಾಧ್ಯವಿಲ್ಲ. ಒಮ್ಮೆ ಕಟ್ಟಿಗೆಯಾಗಿ ಬಲಿತ ಭಾಗವನ್ನು ಅದು ಮತ್ತೆ ಹೊಸದು ಮಾಡಲಾರದು. ಇವತ್ತು ಆದ ಗಾಯ ಐವತ್ತು ವರ್ಷದ ನಂತರವೂ ಕಾಂಡದೊಳಗೆ ಹಾಗೆಯೇ ಇರುತ್ತದೆ. ಮರ ಮಾಡಬಲ್ಲದ್ದು ಇಷ್ಟೇ: ಕೆಟ್ಟ ಭಾಗದ ಸುತ್ತ ಗೋಡೆ ಕಟ್ಟಿ ಅದನ್ನು ಬೇರೆ ಇಡುತ್ತದೆ, ಹೊರಗಿನಿಂದ ಹೊಸ ಕಟ್ಟಿಗೆ ಬೆಳೆಸಿ ನಿಧಾನವಾಗಿ ಮುಚ್ಚುತ್ತದೆ.

ಇದನ್ನು ಬಿಡಿಸಿ ತೋರಿಸಿದವರು ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೊ (1930–2006). ಚೈನ್ ಸಾ ಹಿಡಿದು ಸಾವಿರಾರು ಮರಗಳನ್ನು ಉದ್ದುದ್ದಕ್ಕೆ ಸೀಳಿ, ಹಳೆಯ ಗಾಯದಿಂದ ಕೊಳೆ ಯಾವ ದಿಕ್ಕಿಗೆ, ಎಷ್ಟು ದೂರ ಹೋಗಿದೆ, ಎಲ್ಲಿ ನಿಂತಿದೆ ಎಂದು ಅವರು ಗುರುತಿಸಿದರು. 1977ರಲ್ಲಿ ಈ ತಿಳಿವಳಿಕೆಗೆ ಅವರು ಕೊಟ್ಟ ಚೌಕಟ್ಟನ್ನು ಮರದ ಕೆಲಸದವರು ಇಂದಿಗೂ ‘ಕೋಡಿಟ್’ ಎಂದು ಕರೆಯುತ್ತಾರೆ. ಚಿತ್ರದುರ್ಗದ ಏಳುಸುತ್ತಿನ ಕೋಟೆ ನೋಡಿದವರಿಗೆ ಅದು ಬೇಗ ಅರ್ಥವಾಗುತ್ತದೆ. ಮರದ್ದು ನಾಲ್ಕು ಗೋಡೆಗಳ ಕೋಟೆ. ಗಾಯವಾದ ಕೂಡಲೇ ನೀರು ಸಾಗಿಸುವ ಸಣ್ಣ ಕೊಳವೆಗಳಿಗೆ ಮೇಲೂ ಕೆಳಗೂ ಬಿರಡೆ ಬೀಳುತ್ತದೆ. ಇದು ಮೊದಲ ಗೋಡೆ, ಎಲ್ಲಕ್ಕಿಂತ ದುರ್ಬಲವಾದದ್ದು. ಕೊಳೆ ಕಾಂಡದಲ್ಲಿ ಉದ್ದಕ್ಕೆ ಬೇಗ ಹರಡುವುದು ಇದಕ್ಕೇ. ಎರಡನೆಯದು ಕೊಳೆ ತಿರುಳಿನ ಕಡೆ ಇಳಿಯದಂತೆ ತಡೆಯುತ್ತದೆ, ಮೂರನೆಯದು ಅಕ್ಕಪಕ್ಕಕ್ಕೆ ಹಬ್ಬದಂತೆ. ನಾಲ್ಕನೆಯದೇ ನಿಜವಾದ ಕಲ್ಲಿನ ಗೋಡೆ. ಗಾಯವಾದ ಮೇಲೆ ಹುಟ್ಟುವ ಹೊಸ ಕಟ್ಟಿಗೆಗೂ ಹಳೆಯದಕ್ಕೂ ನಡುವೆ ಅದು ಏಳುತ್ತದೆ. ಒಳಗಿನದೆಲ್ಲ ಹೋದರೂ ಆ ಗೋಡೆಯ ಹೊರಗೆ ಮರ ಚಿಗುರುತ್ತಲೇ ಇರುತ್ತದೆ. ಒಳಗೆ ಪೂರ್ತಿ ಟೊಳ್ಳಾದ ಹುಣಸೆ ಮರಗಳು ವರ್ಷ ವರ್ಷ ಕಾಯಿ ಬಿಡುವುದನ್ನು ಹಳ್ಳಿಗಳಲ್ಲಿ ಎಲ್ಲರೂ ನೋಡಿದ್ದೇವೆ.

ಕೊಂಬೆಯ ವಿಷಯಕ್ಕೆ ಬಂದರೆ, ಮರ ಮೊದಲೇ ಸಿದ್ಧತೆ ಮಾಡಿಕೊಂಡಿರುತ್ತದೆ. ಕಾಡಿನಲ್ಲಿ ನೆರಳಿಗೆ ಸಿಕ್ಕ ಕೊಂಬೆಗಳು ಒಣಗಿ ತಾವಾಗಿ ಬೀಳುತ್ತಲೇ ಇರುತ್ತವಲ್ಲ. ಯಾವುದೇ ದೊಡ್ಡ ಮರದ ಹತ್ತಿರ ಹೋಗಿ ಕೊಂಬೆ ಕಾಂಡವನ್ನು ಸೇರುವ ಜಾಗ ನೋಡಿ. ಬುಡದ ಸುತ್ತ ಒಂದು ಉಬ್ಬು ಇರುತ್ತದೆ, ತೋಳಿಗೆ ಬಿಗಿಯಾದ ಬಳೆಯ ಹಾಗೆ. ಮೇಲ್ಭಾಗದಲ್ಲಿ ತೊಗಟೆ ಮಡಿಚಿಕೊಂಡು ಸುಕ್ಕಾಗಿರುತ್ತದೆ. ಈ ಉಬ್ಬಿಗೆ ‘ಕಾಲರ್’ ಎನ್ನುತ್ತಾರೆ. ಅದು ಕೊಂಬೆಗೆ ಸೇರಿದ್ದಲ್ಲ, ಕಾಂಡದ್ದೇ ಭಾಗ. ಕೊಳೆಯನ್ನು ತಡೆಯುವ ರಾಸಾಯನಿಕಗಳನ್ನು ಮರ ಇದರ ಒಳಗೇ ಕೂಡಿಡುತ್ತದೆ. ಉಬ್ಬಿನ ಹೊರಗೆ ಕೊಯ್ದರೆ ಗಾಯ ಕೊಂಬೆಗೆ ಮಾತ್ರ ಆಗುತ್ತದೆ, ಕೋಟೆಯ ಬಾಗಿಲು ಭದ್ರವಾಗಿರುತ್ತದೆ. ಉಬ್ಬನ್ನೂ ಸೇರಿಸಿ ಕಾಂಡಕ್ಕೆ ಸಮನಾಗಿ ಕೆತ್ತಿದರೆ ಬಾಗಿಲನ್ನೇ ಕಿತ್ತುಹಾಕಿದಂತೆ. ನಮ್ಮ ಮಾವಿಗೆ ಆದದ್ದು ಇದೇ. ಹಾಗೆಂದು ಮೊಳದುದ್ದ ಕೊರಡು ಬಿಟ್ಟು ಕಡಿಯುವುದೂ ಸರಿಯಲ್ಲ. ಆ ಕೊರಡು ಸತ್ತು ಕೊಳೆಯುತ್ತದೆ, ಮರ ಅದರ ಮೇಲೆ ಮುಚ್ಚಳ ಹಾಕಲಾರದೆ ವರ್ಷಗಟ್ಟಲೆ ಒದ್ದಾಡುತ್ತದೆ. ಇನ್ನು ಡಾಂಬರು. ಅದು ಕೊಳೆಯನ್ನು ತಡೆಯುವುದಿಲ್ಲ ಎಂದು ಶೈಗೊ ಮತ್ತು ಅವರ ಜೊತೆಯವರು ಗಾಯಗಳನ್ನು ವರ್ಷಗಳ ಕಾಲ ಹೋಲಿಸಿ ನೋಡಿ ಹೇಳಿದ್ದಾರೆ. ಪದರ ಬಿರುಕು ಬಿಟ್ಟಾಗ ಒಳಗೆ ತೇವ ನಿಂತು ಅಣಬೆಗೇ ಅನುಕೂಲವಾಗುತ್ತದೆ.

ಹೋದ ವರ್ಷ ಭರಣಿ ಮಳೆಯ ಒಂದು ಸಂಜೆ, ನಮ್ಮ ಬೀದಿಯ ಗುಲ್‌ಮೊಹರ್ ಬುಡಸಮೇತ ಉರುಳಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಅಮ್ಮ ಹಿತ್ತಲ ಮಾವನ್ನು ನೋಡುವ ಕಣ್ಣೇ ಬದಲಾಯಿತು. “ಇದನ್ನೂ ತೆಗೆಸಿಬಿಡೋಣ ಕಣೋ, ಒಳಗೆಲ್ಲ ಟೊಳ್ಳಾಗಿದೆ” ಎಂದರು. ಕಡಿಸುವ ಮೊದಲು ಒಮ್ಮೆ ಬಲ್ಲವರಿಗೆ ತೋರಿಸೋಣ ಎಂದು, ಮರಗಳ ಆರೈಕೆಯನ್ನೇ ವೃತ್ತಿ ಮಾಡಿಕೊಂಡ ಕನಕಪುರದ ಕಡೆಯ ಒಬ್ಬ ಯುವಕನನ್ನು ಕರೆಸಿದೆ.

ಆತ ಬಂದು ಅರ್ಧ ಗಂಟೆ ಏಣಿಯನ್ನೇ ಮುಟ್ಟಲಿಲ್ಲ. ಮೊದಲು ಬುಡದ ಸುತ್ತ ಮಣ್ಣು ಕೆದಕಿ ಅಣಬೆ ಹುಡುಕಿದ. ತೆಂಗಿಗೆ ಅಣಬೆ ರೋಗ ತರುವ ಗ್ಯಾನೊಡರ್ಮಾ ಎಂಬ ಶಿಲೀಂಧ್ರ ಬೇರೆ ಮರಗಳ ಬುಡಕ್ಕೂ ಬರುತ್ತದೆ. ಕಾಂಡದ ಬುಡದಲ್ಲಿ ಕಂದು ಬಣ್ಣದ, ಗಟ್ಟಿ ತಟ್ಟೆಯಂಥ ಅಣಬೆ ಕಂಡರೆ ಬೇರು ಕೊಳೆಯುತ್ತಿದೆ ಎಂದೇ ತಿಳಿಯಬೇಕು. ಅದು ಕಾಣಲಿಲ್ಲ. ಆಮೇಲೆ ಮರದ ಸುತ್ತಿಗೆಯಿಂದ ಕಾಂಡವನ್ನು ಸುತ್ತಲೂ ತಟ್ಟುತ್ತಾ ಬಂದ. ಹಲಸಿನ ಹಣ್ಣನ್ನು ತಟ್ಟಿ ಕಿವಿಗೊಡುತ್ತೇವಲ್ಲ, ಹಾಗೆ. ಒಂದು ಕಡೆ ‘ಟಕ್ ಟಕ್’, ಪೊಟರೆಯ ಹತ್ತಿರ ‘ದಬ್ ದಬ್’. ಸದ್ದು ಬದಲಾದಲ್ಲೆಲ್ಲ ಸೀಮೆಸುಣ್ಣದಿಂದ ಗೆರೆ ಎಳೆದ. ಕೊನೆಗೆ ತೆಳ್ಳಗಿನ ಕಂಬಿಯೊಂದನ್ನು ಪೊಟರೆಯೊಳಗೆ ಬಿಟ್ಟು ಆಳ ಅಳೆದ.

“ಅಮ್ಮಾ, ಒಳಗೆ ಟೊಳ್ಳಿರೋದು ನಿಜ. ಆದ್ರೆ ಗೋಡೆ ದಪ್ಪ ಇದೆ. ಮರ ಕಡೀಬೇಡಿ” ಎಂದ.

ಟೊಳ್ಳು ಮರ ಹೇಗೆ ನಿಲ್ಲುತ್ತದೆ ಎಂಬುದಕ್ಕೆ ಬಿದಿರನ್ನು ನೋಡಿದರೆ ಸಾಕು. ಗಾಳಿಗೆ ಕಾಂಡ ಬಾಗಿದಾಗ ಹೆಚ್ಚಿನ ಒತ್ತಡ ಬೀಳುವುದು ಹೊರಮೈಗೆ. ನಡುವಿನ ತಿರುಳು ಬಾಗುವಿಕೆಗೆ ಹೆಚ್ಚು ಎದುರು ನಿಲ್ಲುವುದಿಲ್ಲ. ಲೆಕ್ಕ ಹಾಕಿದರೆ ಬೆರಗಾಗುತ್ತದೆ. 80 ಸೆಂಟಿಮೀಟರ್ ವ್ಯಾಸದ ಕಾಂಡದ ನಡುವೆ 56 ಸೆಂಟಿಮೀಟರ್ ಟೊಳ್ಳಾಗಿ, ಸುತ್ತ 12 ಸೆಂಟಿಮೀಟರ್ ದಪ್ಪದ ಗೋಡೆ ಮಾತ್ರ ಉಳಿದಿದ್ದರೆ, ಅದು ಕಳೆದುಕೊಳ್ಳುವ ಬಾಗುಬಲ ಸುಮಾರು 24 ಶೇಕಡ. ಕಟ್ಟಿಗೆಯ ಅರ್ಧದಷ್ಟು ಹೋದರೂ ಮುಕ್ಕಾಲು ಬಲ ಉಳಿದಿರುತ್ತದೆ! ಜರ್ಮನಿಯ ಭೌತವಿಜ್ಞಾನಿ ಕ್ಲಾಸ್ ಮ್ಯಾಟೆಕ್ ಅನೇಕ ಮರಗಳನ್ನು ಅಳೆದು, ಗೋಡೆಯ ದಪ್ಪ ಕಾಂಡದ ತ್ರಿಜ್ಯದ 30 ಶೇಕಡಕ್ಕಿಂತ ಇಳಿದಾಗ ಅಪಾಯ ಹೆಚ್ಚುತ್ತದೆ ಎಂದು ಹೇಳಿದ್ದು ಈ ಕಾರಣಕ್ಕೇ. ಇದು ಎಲ್ಲ ಮರಕ್ಕೂ ಕುರುಡಾಗಿ ಹಚ್ಚುವ ನಿಯಮವಲ್ಲ. ಗೋಡೆಯಲ್ಲಿ ಬಾಯಿ ತೆರೆದಿದ್ದರೆ, ಸೀಳು ಬಿಟ್ಟಿದ್ದರೆ, ಬೇರು ಕೊಳೆತಿದ್ದರೆ ಲೆಕ್ಕವೇ ಬೇರೆ. ಆದರೆ ಟೊಳ್ಳು ಎಂಬ ಒಂದೇ ಮಾತಿಗೆ ನಮ್ಮ ಹಳೆಯ ಬಡಾವಣೆಗಳಲ್ಲಿ ಎಷ್ಟು ಮರಗಳು ಸುಮ್ಮನೆ ನೆಲ ಕಂಡವೋ ಎಂದು ನೆನೆದರೆ ಸಂಕಟವಾಗುತ್ತದೆ. ಅಂಥ ಪೊಟರೆಗೆ ಸಿಮೆಂಟ್ ತುಂಬಿಸುವವರೂ ಇದ್ದಾರೆ. ಮರ ಗಾಳಿಗೆ ತೊನೆಯುತ್ತದೆ, ಸಿಮೆಂಟ್ ತೊನೆಯುವುದಿಲ್ಲ. ಎರಡರ ತಿಕ್ಕಾಟದಲ್ಲಿ ಒಳಗಿನ ಗೋಡೆಯೇ ಸವೆಯುತ್ತದೆ.

ಕೊಯ್ಯಬೇಕಾದದ್ದೂ ಒಂದಿತ್ತು. ಅಡುಗೆಮನೆಯ ಮಾಡಿನ ಮೇಲೆ ಬಾಗಿದ್ದ ಕೊಂಬೆ, ಬದನಿಕೆ ಹಿಡಿದು ತುದಿ ಒಣಗುತ್ತಿತ್ತು. ಒಂದಡಿ ದಪ್ಪ, ಹತ್ತಡಿ ಉದ್ದದ ಹಸಿ ಮಾವಿನ ತುಂಡೇ ಇನ್ನೂರು ಕಿಲೊ ಹತ್ತಿರ ತೂಗುತ್ತದೆ. ಆತ ಮೇಲಿನ ಕವಲಿಗೆ ರಾಟೆ ಕಟ್ಟಿ, ಕೊಂಬೆಗೆ ಹಗ್ಗದ ಕುಣಿಕೆ ಹಾಕಿ, ಇನ್ನೊಂದು ತುದಿಯನ್ನು ಕೆಳಗಿದ್ದವರ ಕೈಗೆ ಕೊಟ್ಟ. ಮೊದಲ ಕೊಯ್ತ ಕಾಂಡದಿಂದ ಒಂದಡಿ ದೂರದಲ್ಲಿ, ಕೊಂಬೆಯ ಕೆಳಗಿನಿಂದ, ಮೂರನೇ ಒಂದು ಪಾಲು ಆಳಕ್ಕೆ. ಎರಡನೆಯದು ಅದಕ್ಕಿಂತ ತುಸು ಆಚೆ, ಮೇಲಿನಿಂದ. ‘ಚಟ್’ ಎಂದು ಕೊಂಬೆ ಮುರಿದು ಹಗ್ಗದಲ್ಲಿ ತೂಗಾಡಿ ಮೆಲ್ಲಗೆ ಇಳಿಯಿತು. ಕೆಳಗಿನ ಕೊಯ್ತ ಇಲ್ಲದಿದ್ದರೆ ಬೀಳುವ ಭಾರಕ್ಕೆ ತೊಗಟೆ ಕಾಂಡದ ಉದ್ದಕ್ಕೂ ಸುಲಿದುಕೊಂಡು ಬರುತ್ತಿತ್ತು. ಭಾರವೆಲ್ಲ ಇಳಿದ ಮೇಲೆ ಉಳಿದ ಒಂದಡಿ ಕೊರಡಿಗೆ ಮೂರನೆಯ ಕೊಯ್ತ. ಗರಗಸ ಇಡುವ ಮುನ್ನ ಆತ ಆ ಉಬ್ಬನ್ನು ಬೆರಳಿನಿಂದ ಸವರಿ, ಅದರ ಅಂಚು ಎಲ್ಲಿ ಮುಗಿಯುತ್ತದೆ ಎಂದು ನೋಡಿಕೊಂಡ. ಕೊಯ್ದ ಜಾಗಕ್ಕೆ ಏನೂ ಬಳಿಯಲಿಲ್ಲ. ಸೊನೆ ಮೈಗೆ ಹತ್ತದಂತೆ ತೋಳು ಮುಚ್ಚಿಕೊಂಡಿದ್ದವ, ಇಳಿದ ಮೇಲೆ ಕೈಗೆ ಎಣ್ಣೆ ಹಚ್ಚಿ ತೊಳೆದುಕೊಂಡ.

“ಹಾಗೇ ಮೇಲಿನ ಟೊಂಗೆಗಳನ್ನೂ ಸವರಿಬಿಡಪ್ಪ, ಗಾಳಿಗೆ ಭಯ” ಎಂದು ಅಮ್ಮ ಕೇಳಿದ್ದರು. ಆತ ಒಪ್ಪಲಿಲ್ಲ. ಮರದ ತಲೆ ಬೋಳಿಸುವುದು ನಮ್ಮ ಬೀದಿಗಳಲ್ಲಿ ನಡೆಯುತ್ತಿರುವ ದೊಡ್ಡ ಅನಾಹುತ. ಎಲೆಗಳೇ ಮರದ ಅಡುಗೆಮನೆ; ಒಂದು ವರ್ಷದಲ್ಲಿ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದು ಎನ್ನುವುದು ಈ ವೃತ್ತಿಯ ಸಾಮಾನ್ಯ ಮಿತಿ. ಬೋಳಿಸಿದ ಮರ ಹಸಿವಿಗೆ ಬಿದ್ದು, ತೊಗಟೆಯ ಕೆಳಗೆ ಮಲಗಿದ್ದ ಮೊಗ್ಗುಗಳನ್ನೆಲ್ಲ ಎಬ್ಬಿಸುತ್ತದೆ. ಎರಡೇ ವರ್ಷದಲ್ಲಿ ದಟ್ಟವಾಗಿ ಚಿಗುರಿ ನಿಂತಾಗ ಚೇತರಿಸಿಕೊಂಡಿತೆಂದು ನಮಗೆ ಸಮಾಧಾನ. ಆದರೆ ಆ ಚಿಗುರುಗಳು ಕಾಂಡದ ಹೊರಪದರಕ್ಕೆ ಮಾತ್ರ ಅಂಟಿಕೊಂಡಿರುತ್ತವೆ. ಮೂಲ ಕೊಂಬೆಗಿರುವ ಆಳದ ಬೆಸುಗೆ ಅವಕ್ಕಿಲ್ಲ. ಕೆಳಗೆ ಕೊಳೆ, ಮೇಲೆ ವರ್ಷ ವರ್ಷ ಹೆಚ್ಚುವ ಭಾರ. ಮುಂದೊಂದು ಮಳೆಗಾಲದಲ್ಲಿ ಅವೇ ಮುರಿದು ಬೀಳುತ್ತವೆ. ತಂತಿಗೆ ತಗಲುತ್ತದೆಂದು ಒಂದೇ ಪಕ್ಕ ಕಡಿದ ಮರಗಳ ಕಥೆಯೂ ಹೆಚ್ಚುಕಡಿಮೆ ಇದೇ.

ಬೇರಿನ ಬಗ್ಗೆ ನಮಗಿರುವ ಕಲ್ಪನೆಯೂ ಸರಿಯಿಲ್ಲ. ಮೂಲಂಗಿಯಂತೆ ಆಳಕ್ಕೆ ಇಳಿದಿರುತ್ತದೆ ಎಂದುಕೊಳ್ಳುತ್ತೇವೆ. ದೊಡ್ಡ ಮರಗಳ ಬೇರಿನ ಬಹುಪಾಲು ಮೇಲಿನ ಒಂದು ಮೀಟರ್ ಮಣ್ಣಿನಲ್ಲೇ ಇರುತ್ತದೆ, ಊಟದ ತಟ್ಟೆಯಂತೆ ಅಗಲವಾಗಿ, ನೆರಳು ಬೀಳುವ ಜಾಗವನ್ನೂ ದಾಟಿ. ಬೇರಿಗೂ ಆಮ್ಲಜನಕ ಬೇಕು. ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ಎಂದು ಮರಗಳ ಹೆಸರನ್ನೇ ಇಟ್ಟುಕೊಂಡ ಈ ಬಡಾವಣೆಯಲ್ಲಿ, 1898ರ ಪ್ಲೇಗಿಗೆ ಬೆದರಿ ಜನ ಗಾಳಿ ಬೆಳಕು ಅರಸಿ ಬಂದ ಜಾಗದಲ್ಲಿ, ಈಗ ಸಿಮೆಂಟ್ ಕಾಂಡದ ಕುತ್ತಿಗೆವರೆಗೆ ಬಂದಿದೆ. ಮರಗಳ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಗೆ ಆದೇಶಿಸಿತ್ತು. ಕೇಬಲ್‌ಗೆ, ಚರಂಡಿಗೆ ಅಗೆಯುವಾಗ ಒಂದು ಪಕ್ಕದ ದಪ್ಪ ಬೇರು ತುಂಡಾದರೆ ಆ ದಿನ ಏನೂ ಕಾಣುವುದಿಲ್ಲ. ಕಾಂಡದ ವ್ಯಾಸದ ಮೂರು ಪಟ್ಟು ದೂರದೊಳಗೆ ಅಂಥ ಅಗೆತ ಬಂದರೆ ಮರದ ನಿಲುವಿಗೇ ಸಂಚಕಾರ. ನಮ್ಮ ಬೀದಿಯ ಗುಲ್‌ಮೊಹರ್ ಉರುಳಿದಾಗ ನಾನು ಬಗ್ಗಿ ನೋಡಿದೆ. ರಸ್ತೆಯ ಕಡೆ ಬೇರುಗಳು ಸಮನಾಗಿ ತುಂಡಾಗಿದ್ದವು, ತುದಿಗಳು ಕಪ್ಪಗಿದ್ದವು.

ನಮ್ಮ ಹಿತ್ತಲಲ್ಲೂ ಬುಡದವರೆಗೆ ಸಿಮೆಂಟ್ ಇತ್ತು. ಅದನ್ನು ಒಡೆಸಿದೆವು. ಸುಡುತ್ತಿದ್ದ ಒಣ ಎಲೆಯನ್ನು ಈಗ ಅಲ್ಲೇ ಹರಡುತ್ತೇವೆ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು. ಇನ್ನೊಂದು ಮಾತು ಎಲ್ಲರಿಗೂ ಗೊತ್ತಿರಲಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಮನೆಯ ಕಾಂಪೌಂಡಿನೊಳಗಿನ ಮರಕ್ಕೂ ಅನ್ವಯಿಸುತ್ತದೆ. ವಿನಾಯಿತಿ ಇರುವ ಕೆಲವು ಜಾತಿಗಳನ್ನು ಬಿಟ್ಟರೆ, ಕಡಿಯುವ ಮುನ್ನ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಬುಡ ಕತ್ತರಿಸುವುದು ಮಾತ್ರವಲ್ಲ, ಕೊಂಬೆಗಳನ್ನು ಬೋಳಿಸುವುದು, ತೊಗಟೆ ಸುಲಿಯುವುದು, ಸುಡುವುದು, ಇವೂ ಆ ಕಾಯ್ದೆಯ ಅರ್ಥದಲ್ಲಿ ಕಡಿಯುವುದೇ.

ಈ ಆಷಾಢದಲ್ಲಿ ಹಣ್ಣು ಮುಗಿದ ಮೇಲೆ ಏಣಿ ಹಾಕಿ ಹತ್ತಿ ಎರಡು ಗಾಯಗಳನ್ನೂ ನೋಡಿದೆ. ಇಪ್ಪತ್ತು ವರ್ಷದ ಹಳೆಯದರ ಎಡಬಲಕ್ಕೆ ತೊಗಟೆ ಉಬ್ಬಿ ಬಂದಿದೆ. ಮೇಲೆ ಕೆಳಗೆ ಏನೂ ಬೆಳೆದಿಲ್ಲ, ಅರೆತೆರೆದ ತುಟಿಗಳ ನಡುವೆ ಕಪ್ಪು ಪೊಟರೆ. ಹೋದ ವರ್ಷದ ಗಾಯದ ಸುತ್ತ, ಎಲ್ಲೂ ಬಿಡದೆ, ಉದ್ದಿನ ವಡೆಯಷ್ಟು ದುಂಡಗೆ ಹೊಸ ತೊಗಟೆಯ ಬಳೆ. ಅಮ್ಮ ಕೆಳಗಿನಿಂದ “ಎಷ್ಟು ಬೆಳೆದಿದೆಯೋ?” ಎಂದು ಕೂಗಿದರು. ಕಿರುಬೆರಳಿಟ್ಟು ಅಳೆದೆ. ಅರ್ಧ ಬೆರಳಿನಷ್ಟು ಅಗಲವಿತ್ತು.