ತೆಂಗಿನ ನಾರು ಬೆರೆತ ತೆಳು ಸಿಮೆಂಟು ಹಲಗೆಗಳು

ಹಳ್ಳಿಯ ಮನೆಗಳಲ್ಲಿ ಒಂದೇ ಅಂಕಣವನ್ನು ಅಡಿಗೆಮನೆ, ಉಗ್ರಾಣ, ಮಲಗುವ ಕೋಣೆ ಎಂದು ವಿಂಗಡಿಸಬೇಕಾದ ಸಂದರ್ಭವು ಆಗಾಗ್ಗೆ ಒದಗುತ್ತದೆ. ಅರ್ಧ ಇಟ್ಟಿಗೆ ದಪ್ಪದ ಗೋಡೆಯು ಚದರ ಮೀಟರಿಗೆ ಸುಮಾರು 200 ಕಿಲೋಗ್ರಾಂ ತೂಗುವುದರಿಂದ ಅದಕ್ಕೆ ಭದ್ರವಾದ ತಳಹದಿ ಬೇಕು. ಬಿದಿರ ತಟ್ಟಿಯು ಅಗ್ಗವಾದರೂ ಗೆದ್ದಲಿಗೂ ಬೆಂಕಿಗೂ ಇಲಿಗಳಿಗೂ ತುತ್ತಾಗುವುದು. ಇವೆರಡರ ನಡುವಣ ಉಪಾಯವೇ ನಾರು ಬೆರೆತ ಸಿಮೆಂಟು ಹಲಗೆ. ತೆಂಗು ಬೆಳೆಯುವ ತುಮಕೂರು, ಹಾಸನ, ಚಿತ್ರದುರ್ಗ ಸೀಮೆಗಳ ರೈತರಿಗೆ ಇದಕ್ಕೆ ಬೇಕಾದ ನಾರು ಹಿತ್ತಲಿನಲ್ಲಿಯೇ ದೊರೆಯುವುದು.

ಕಲ್ನಾರಿನ ಪಾಠ

ಆಸ್ಟ್ರಿಯಾ ದೇಶದ ಲೂಡ್ವಿಗ್ ಹಾಚೆಕ್ ಎಂಬವರು 1900ರ ಸುಮಾರಿನಲ್ಲಿ ಕಲ್ನಾರನ್ನು ಸಿಮೆಂಟಿನೊಡನೆ ಬೆರೆಸಿ ತೆಳುಹಲಗೆ ಮಾಡುವ ಯಂತ್ರವಿಧಾನವನ್ನು ಕಂಡುಹಿಡಿದರು. ಹಲಗೆಗಳು ಗಟ್ಟಿಯಾಗಿದ್ದುವು, ಆದರೆ ಕಲ್ನಾರಿನ ಧೂಳು ಶ್ವಾಸಕೋಶವನ್ನು ಸೇರಿ ಕ್ಯಾನ್ಸರ್ ರೋಗವನ್ನುಂಟುಮಾಡುವುದೆಂದು ಮುಂದೆ ಸಿದ್ಧವಾಯಿತು. ಬ್ರಿಟನ್ 1999ರಲ್ಲಿಯೂ, ಐರೋಪ್ಯ ಒಕ್ಕೂಟವು 2005ರಲ್ಲಿಯೂ ಅದನ್ನು ನಿಷೇಧಿಸಿದುವು. ಆದುದರಿಂದ ಹಳೆಯ ಕಲ್ನಾರಿನ ತಗಡುಗಳನ್ನು ಒಡೆದು ಅಥವಾ ಕೊಯ್ದು ಮನೆಯೊಳಗೆ ಅಡ್ಡಗೋಡೆಯಾಗಿ ಉಪಯೋಗಿಸಲೇ ಕೂಡದು.

ನಾರು ಮಾಡುವ ಕೆಲಸ

ಸಿಮೆಂಟು ಗಾರೆಯು ಒತ್ತಡವನ್ನು ಚೆನ್ನಾಗಿ ಸಹಿಸುವುದು. ಎಳೆತವನ್ನಾದರೋ ಅದರ ಹತ್ತರಲ್ಲೊಂದು ಪಾಲಿನಷ್ಟು ಮಾತ್ರ ತಾಳುವುದು. ಬಿರುಕು ಹುಟ್ಟಿದೊಡನೆ ಬರಿಯ ಗಾರೆಯ ಹಲಗೆ ಎರಡು ತುಂಡಾಗುವುದು. ನಾರಿನೆಳೆಗಳು ಬಿರುಕಿನ ಎರಡು ದಡಗಳನ್ನೂ ಹಿಡಿದು ಅದು ಅಗಲವಾಗದಂತೆ ತಡೆಯುವುವು. ಆದರೆ ನಾರು ಹೆಚ್ಚಿದಷ್ಟೂ ಬಲ ಹೆಚ್ಚೆಂದು ತಿಳಿಯಬಾರದು. ಮಿತಿ ಮೀರಿದರೆ ನಾರು ಉಂಡೆಗಟ್ಟಿ, ಗಾರೆಯಲ್ಲಿ ಪೊಳ್ಳುಗಳುಳಿಯುವುವು.

ಸಾಮಗ್ರಿ

120 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ, 12 ಮಿಲಿಮೀಟರ್ ದಪ್ಪದ ಒಂದು ಹಲಗೆಗೆ ಬೇಕಾದುವು: ಸಿಮೆಂಟು 6 ಕಿಲೋಗ್ರಾಂ, ಜರಡಿಯಾಡಿದ ಸಣ್ಣ ಮರಳು 12 ಕಿಲೋಗ್ರಾಂ, ಒಣನಾರು 100 ಗ್ರಾಂ, ನೀರು ಸುಮಾರು 3 ಲೀಟರು, ಕೋಳಿಬಲೆಯ ಒಂದು ತುಂಡು. 50 ಕಿಲೋಗ್ರಾಂ ಚೀಲದ ಸಿಮೆಂಟಿನಿಂದ ಇಂತಹ 8 ಹಲಗೆಗಳಾಗುವುವು.

ಮಾಡುವ ಕ್ರಮ

ಹಸಿ ನಾರಿನಲ್ಲಿರುವ ಒಗರು ಮತ್ತು ಸಕ್ಕರೆಯ ಅಂಶಗಳು ಸಿಮೆಂಟು ಗಟ್ಟಿಯಾಗುವುದನ್ನು ತಡೆಯುವುವು. ಆದುದರಿಂದ ನಾರನ್ನು ಎರಡು ಗಂಟೆ ಕುದಿಸಿ, ತಿಳಿನೀರಿನಲ್ಲಿ ತೊಳೆದು, 2 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸತಕ್ಕದ್ದು. ಬೆರೆಸುವಾಗ ಅದು ನೆನೆದಿದ್ದು ನೀರು ತೊಟ್ಟಿಕ್ಕದಂತಿರಬೇಕು. ಒಣಗಿದ್ದರೆ ಗಾರೆಯ ನೀರನ್ನು ತಾನೇ ಹೀರುವುದು.

ಮೊದಲು ಸಿಮೆಂಟು ಮರಳುಗಳನ್ನು ಒಣದಾಗಿ ಬೆರೆಸಿ, ನೀರು ಹಾಕಿ ಕಲಸಿ, ಕೊನೆಗೆ ನಾರನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸಬೇಕು. ಸಮತಟ್ಟಾದ ನೆಲದ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಹಾಸಿ, 12 ಮಿಲಿಮೀಟರ್ ಎತ್ತರದ ರೀಪುಗಳ ಚೌಕಟ್ಟನ್ನಿಟ್ಟು, ಅರ್ಧದಷ್ಟು ಗಾರೆಯನ್ನು ಕರಣೆಯಿಂದ ಒತ್ತಿ ಹರಡತಕ್ಕದ್ದು. ಅದರ ಮೇಲೆ ಬಲೆಯನ್ನು ಬಿಗಿಯಾಗಿ ಹಾಸಿ, ಉಳಿದ ಗಾರೆಯಿಂದ ಮುಚ್ಚಿ ಮಟ್ಟ ಮಾಡಬೇಕು. ಬಲೆಯು ಮೊದಲ ಬಿರುಕನ್ನು ತಡೆಯಲಾರದು. ಬಿರುಕು ಬಿಟ್ಟ ಹಲಗೆಯು ತುಂಡಾಗಿ ಮೈಮೇಲೆ ಬೀಳದಂತೆ ಕಾಪಾಡುವುದು.

ಒಂದು ದಿನ ಕಳೆದ ಮೇಲೆ ಚೌಕಟ್ಟನ್ನು ತೆಗೆದು, ಒದ್ದೆ ಗೋಣಿತಾಟು ಹೊದಿಸಿ 14 ದಿನ ಸತತವಾಗಿ ತೇವವಾಗಿಡತಕ್ಕದ್ದು. ಅನಂತರ ನೆರಳಿನಲ್ಲಿ ಒಣಗಿಸಿ, 28 ದಿನಗಳಾದ ಬಳಿಕವೇ ಉಪಯೋಗಿಸಬೇಕು.

ಪರೀಕ್ಷೆಯೂ ಜೋಡಣೆಯೂ

ಮೊದಲ ಹಲಗೆಯನ್ನು ಒಂದು ಮೀಟರ್ ಅಂತರದ ಎರಡು ಆಧಾರಗಳ ಮೇಲಿರಿಸಿ, ನಡುವೆ 10 ಕಿಲೋಗ್ರಾಂ ಮರಳಿನ ಚೀಲವನ್ನಿಡಿರಿ. ಬಿರುಕು ಬಾರದಿದ್ದರೆ ಕೆಲಸ ಒಪ್ಪವಾಗಿದೆಯೆಂದು ತಿಳಿಯಬಹುದು. ಹಲಗೆಯ ತೂಕ ಸುಮಾರು 17 ಕಿಲೋಗ್ರಾಂ ಆಗುವುದು. ಅದನ್ನು ಇಬ್ಬರು ಅಂಚಿನ ಮೇಲೆ ನಿಲ್ಲಿಸಿಕೊಂಡೇ ಒಯ್ಯಬೇಕು. ಅಡ್ಡಲಾಗಿ ಹೊತ್ತರೆ ತನ್ನ ಭಾರದಿಂದಲೇ ಬಾಗಿ ಸೀಳಬಹುದು.

60 ಸೆಂಟಿಮೀಟರಿಗೊಂದು ನಿಲುಗಂಬವಿರುವ ಮರದ ಅಥವಾ ಉಕ್ಕಿನ ಚೌಕಟ್ಟಿಗೆ, ಮೊದಲೇ ರಂಧ್ರ ಕೊರೆದು ತಿರುಪುಮೊಳೆಗಳಿಂದ ಬಿಗಿಯತಕ್ಕದ್ದು. ನಡುವೆ 3 ಮಿಲಿಮೀಟರ್ ಸಂದು ಬಿಡಬೇಕು. ಚೌಕಟ್ಟು ಮರದ್ದಾದರೆ ಅದಕ್ಕೆ ಗೆದ್ದಲೆಣ್ಣೆ ಬಳಿಯುವುದು ಲೇಸು. ಭಾರದ ಗೂಡುಗಳನ್ನು ನಿಲುಗಂಬಗಳಿಗೇ ತಗುಲಿಸಬೇಕು. ಈ ಹಲಗೆಯು ಛಾವಣಿಯ ಭಾರವನ್ನು ಹೊರುವುದಕ್ಕೆ ತಕ್ಕುದಲ್ಲ.

ಎಚ್ಚರಿಕೆಗಳು

ಸಿಮೆಂಟಿನ ಕ್ಷಾರವು ಸಸ್ಯನಾರನ್ನು ಕ್ರಮೇಣ ಪೆಡಸುಗೊಳಿಸುವುದು; ಪದೇ ಪದೇ ನೆನೆದು ಒಣಗಿದರೆ ಈ ಕೇಡು ಬೇಗನೆ ಆಗುವುದು. ಲಿಗ್ನಿನ್ ಅಂಶ ಹೆಚ್ಚಾಗಿರುವ ತೆಂಗಿನ ನಾರು ಕತ್ತಾಳೆನಾರಿಗಿಂತ ಹೆಚ್ಚು ಕಾಲ ತಾಳುವುದಾದರೂ ಶಾಶ್ವತವಲ್ಲ. ಆ ಕಾರಣದಿಂದಲೇ ಇವು ಒಳಗೋಡೆಗಳಿಗೆ ಮಾತ್ರ ಯೋಗ್ಯ. ಬಚ್ಚಲುಮನೆಗೂ ಮಳೆಯ ಎರಚಲು ಬೀಳುವೆಡೆಗೂ ಇವು ಸಲ್ಲವು. ನೆಲದ ತೇವ ತಗುಲದಂತೆ ಬುಡದಲ್ಲಿ ಒಂದು ವರಸೆ ಇಟ್ಟಿಗೆಯನ್ನು ಕಟ್ಟುವುದು ಒಳ್ಳೆಯದು.

ಹಸಿಗಾರೆಯನ್ನು ಬರಿಗೈಯಿಂದ ಮುಟ್ಟಬಾರದು, ಚರ್ಮ ಸುಡುವುದು. ಹಲಗೆಯನ್ನು ಕೊಯ್ಯುವಾಗ ನೀರು ಚಿಮುಕಿಸಿ, ಮೂಗುಬಾಯಿಗಳಿಗೆ ಧೂಳುತಡೆ ಧರಿಸಬೇಕು. ಕಲ್ನಾರಿಲ್ಲದಿದ್ದರೂ ಮರಳಿನ ನುಣ್ಣನೆಯ ಧೂಳು ಶ್ವಾಸಕೋಶಕ್ಕೆ ಹಾನಿಕರವೇ ಆಗಿದೆ.

ಬಿತ್ತನೆ ಕೊಯಿಲುಗಳ ನಡುವಣ ಬಿಡುವಿನಲ್ಲಿ ರೈತಬಾಂಧವರು ಮೊದಲು ಒಂದೇ ಹಲಗೆಯನ್ನು ಮಾಡಿ, ಮೇಲೆ ಹೇಳಿದ ಪರೀಕ್ಷೆಗೊಳಪಡಿಸಿ, ಆಮೇಲೆ ಇಡೀ ಗೋಡೆಯ ಕೆಲಸಕ್ಕೆ ಕೈಹಾಕುವುದು ಉತ್ತಮ.