ಊರಿನ ಆಸ್ತಿ, ಅಪ್ಪನ ವಿಲ್: ಕೋರ್ಟಿಗೆ ಹೋಗುವ ಮೊದಲು ಮಾಡಬೇಕಾದ ಲೆಕ್ಕ

2019ರ ಮಾರ್ಚಿನಲ್ಲಿ ಅಪ್ಪ ತೀರಿಕೊಂಡರು. ಅಮ್ಮ ಹೋಗಿ ಆಗಲೇ ಮೂರು ವರ್ಷವಾಗಿತ್ತು. ಹದಿಮೂರನೆಯ ದಿನದ ಊಟ ಮುಗಿದು ನೆಂಟರೆಲ್ಲ ಹೊರಟ ಮೇಲೆ ತಮ್ಮ ಒಂದು ಪ್ಲಾಸ್ಟಿಕ್ ಕವರ್ ತಂದು ಮೇಜಿನ ಮೇಲಿಟ್ಟ. ಒಳಗೆ ಎರಡು ಪುಟದ ವಿಲ್. ಹಾಸನದ ಮನೆ, ಊರಿನ ನಾಲ್ಕು ಎಕರೆ ಜಮೀನು, ಎರಡೂ ತಮ್ಮನಿಗೆ. ಅಕ್ಕನಿಗೂ ನನಗೂ ಸೇರಿ ಒಂದೇ ಸಾಲು: ಇಬ್ಬರಿಗೂ ಈಗಾಗಲೇ ಬೇಕಾದ ಅನುಕೂಲ ಮಾಡಿಕೊಟ್ಟಿದ್ದೇನೆ ಎಂದು.

ನಾಲ್ಕು ದಿನದ ನಂತರ ನಾನು ಡಲ್ಲಾಸ್‌ಗೆ ವಾಪಸ್ ಬಂದೆ. ವಿಮಾನದಲ್ಲಿ ನಿದ್ದೆ ಬರಲಿಲ್ಲ. ಮುಂದಿನ ಮೂರು ವರ್ಷದಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮಂತೆ ಹೊರದೇಶದಲ್ಲಿ ಇರುವ ಬಹಳಷ್ಟು ಜನ ಇವತ್ತಲ್ಲ ನಾಳೆ ಇಂಥ ಒಂದು ಕವರ್ ನೋಡಬೇಕಾಗಬಹುದು.

ಮೊದಲ ಪ್ರಶ್ನೆ: ಆಸ್ತಿ ಯಾವ ಬಗೆಯದು?

ವಿಲ್ ನಿಜವೋ ಸುಳ್ಳೋ ಎಂದು ಜಗಳ ಶುರು ಮಾಡುವ ಮೊದಲು ಕೇಳಬೇಕಾದದ್ದು: ಬರೆದವರಿಗೆ ಅಷ್ಟನ್ನೂ ಬರೆಯುವ ಹಕ್ಕು ಇತ್ತೇ?

ನಮ್ಮ ಮನೆ ಅಪ್ಪನ ಸ್ವಯಾರ್ಜಿತ. ತಮ್ಮ ಸಂಬಳದ ದುಡ್ಡಿನಲ್ಲಿ ಸೈಟು ಕೊಂಡು ಕಟ್ಟಿಸಿದ್ದು. ಅದನ್ನು ಅವರು ಯಾರಿಗೆ ಬೇಕಾದರೂ ಬರೆಯಬಹುದಿತ್ತು. ಜಮೀನಿನ ಕಥೆ ಬೇರೆ. ಅದು ಮುತ್ತಾತನಿಂದ ತಾತನಿಗೆ, ತಾತ 1951ರಲ್ಲಿ ತೀರಿಕೊಂಡಾಗ ಅಪ್ಪನಿಗೆ ಬಂದ ಪಿತ್ರಾರ್ಜಿತ. ಅದರಲ್ಲಿ ಅಪ್ಪ ತಮ್ಮ ಪಾಲನ್ನು ಮಾತ್ರ ವಿಲ್ ಮಾಡಬಹುದು, ಇಡೀ ಜಮೀನನ್ನಲ್ಲ.

ಇಲ್ಲಿ ತುಂಬಾ ಜನ ತಪ್ಪು ತಿಳಿದುಕೊಂಡಿದ್ದಾರೆ. "ತಾತನ ಆಸ್ತಿ ಅಂದರೆ ಮೊಮ್ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು" ಎನ್ನುವುದು ಯಾವಾಗಲೂ ನಿಜವಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ತಾತ ತೀರಿಕೊಂಡು, ಅವರ ಸ್ವಂತ ಆಸ್ತಿ ನಿಮ್ಮ ತಂದೆಗೆ ವಾರಸುದಾರರಾಗಿ ಬಂದಿದ್ದರೆ, ಸಾಮಾನ್ಯವಾಗಿ ಅದು ತಂದೆಯ ಸ್ವಂತ ಆಸ್ತಿಯೇ. ಆದ್ದರಿಂದ ಹಳೆಯ ಪಹಣಿ, ಮ್ಯುಟೇಶನ್ ದಾಖಲೆ, ವಿಭಾಗ ಪತ್ರ ಇದ್ದರೆ ಅದು, ಇವನ್ನೆಲ್ಲ ಮೊದಲು ತೆಗೆಸಿ. ಇಸವಿ ಬಹಳ ಮುಖ್ಯ.

ಅಕ್ಕನ ಮದುವೆ ಆದದ್ದು 1993ರಲ್ಲಿ. "ಮದುವೆಯಾಗಿ ಹೋದವಳಿಗೆ ಏನು ಪಾಲು?" ಎಂದು ಊರಿನ ಹಿರಿಯರೊಬ್ಬರು ಹೇಳಿಯೇ ಬಿಟ್ಟರು. 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ. 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸ್ಪಷ್ಟಪಡಿಸಿತು. ಮದುವೆಯಾಗಿದೆಯೋ ಇಲ್ಲವೋ ಎಂಬುದಕ್ಕೆ ಇಲ್ಲಿ ಬೆಲೆಯಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದ ಮೂಲಕ ಅಥವಾ ಕೋರ್ಟ್ ಡಿಕ್ರಿಯ ಮೂಲಕ ವಿಭಾಗ ಆಗಿದ್ದರೆ ಮಾತ್ರ ಅದನ್ನು ಕದಲಿಸುವಂತಿಲ್ಲ. ನಮ್ಮಲ್ಲಿ ವಿಭಾಗವೇ ಆಗಿರಲಿಲ್ಲ.

ಹಾಗಾಗಿ ಜಮೀನಿನಲ್ಲಿ ಅಪ್ಪ, ಅಕ್ಕ, ನಾನು, ತಮ್ಮ, ತಲಾ ಕಾಲು ಪಾಲು. ವಿಲ್ ಸರಿಯಿದ್ದರೂ ಅಪ್ಪನ ಒಂದು ಎಕರೆ ಮಾತ್ರ ತಮ್ಮನಿಗೆ ಸೇರುತ್ತದೆ. ತಮ್ಮನಿಗೆ ಎರಡು, ಅಕ್ಕನಿಗೆ ಒಂದು, ನನಗೆ ಒಂದು. ವಿಲ್ ಬಿದ್ದುಹೋದರೆ ಮನೆಯೂ ಜಮೀನೂ ಮೂವರಿಗೆ ಸಮಪಾಲು.

ಎರಡನೆಯ ಪ್ರಶ್ನೆ: ವಿಲ್ ನಿಲ್ಲುತ್ತದೆಯೇ?

ವಿಲ್ ನೋಂದಣಿ ಕಡ್ಡಾಯವಲ್ಲ, ಛಾಪಾ ಕಾಗದವೂ ಬೇಕಿಲ್ಲ. ಕರ್ನಾಟಕದಲ್ಲಿನ ಆಸ್ತಿಗೆ ಹಿಂದೂಗಳ ವಿಲ್‌ಗೆ ಪ್ರೊಬೇಟ್ ಕೂಡ ಕಡ್ಡಾಯವಲ್ಲ. ಆದರೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ಕೋರ್ಟಿನಲ್ಲಿ ರುಜುವಾತು ಮಾಡುವಾಗ ಅವರಲ್ಲಿ ಒಬ್ಬರಾದರೂ, ಬದುಕಿದ್ದರೆ, ಬಂದು ಸಾಕ್ಷ್ಯ ಹೇಳಬೇಕು.

ನಮ್ಮ ಅಪ್ಪನ ವಿಲ್ ಇಂಗ್ಲಿಷ್‌ನಲ್ಲಿತ್ತು. ಅಪ್ಪ ಓದುತ್ತಿದ್ದದ್ದು ಕನ್ನಡ ಮಾತ್ರ, ಸಹಿಯೂ ಕನ್ನಡದಲ್ಲಿ. ಆಸ್ಪತ್ರೆಯಿಂದ ಮನೆಗೆ ಬಂದ ಎರಡು ವಾರಕ್ಕೆ ಬರೆದದ್ದು. ನೋಂದಣಿ ಆಗಿರಲಿಲ್ಲ. ಸಾಕ್ಷಿಗಳಲ್ಲಿ ಒಬ್ಬರು ತಮ್ಮನ ವ್ಯಾಪಾರದ ಪಾಲುದಾರರು. ಇವುಗಳನ್ನು ಕೋರ್ಟು 'ಸಂಶಯಾಸ್ಪದ ಸಂದರ್ಭ' ಎಂದು ನೋಡುತ್ತದೆ. ಈ ವಿಷಯದಲ್ಲಿ ಇಂದಿಗೂ ವಕೀಲರು ಮೊದಲು ಹೇಳುವ ತೀರ್ಪು ನಮ್ಮ ಮೈಸೂರು ಸೀಮೆಯಿಂದಲೇ ಸುಪ್ರೀಂ ಕೋರ್ಟಿಗೆ ಹೋದದ್ದು: ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಾಜಮ್ಮ. ಅದರ ಸಾರ ಇಷ್ಟು: ವಿಲ್ ಮುಂದಿಟ್ಟು ಹಕ್ಕು ಕೇಳುವವರೇ ಅದನ್ನು ರುಜುವಾತು ಮಾಡಬೇಕು, ಅನುಮಾನಗಳಿದ್ದರೆ ಅವರೇ ನಿವಾರಿಸಬೇಕು.

ಆದರೆ ಅನುಮಾನ ಇದೆ ಎಂದ ಮಾತ್ರಕ್ಕೆ ವಿಲ್ ಸುಳ್ಳಾಗುವುದಿಲ್ಲ. ಒಬ್ಬ ಮಗನಿಗೇ ಎಲ್ಲ ಬರೆದದ್ದು ಕೂಡ ಅಷ್ಟಕ್ಕೇ ಅನುಮಾನದ ವಿಷಯವಲ್ಲ. ವಿಲ್ ಬರೆಯುವುದೇ ಸಮಪಾಲು ಬೇಡ ಎಂದಾಗ ಅಲ್ಲವೇ?

ನನ್ನ ಎಕ್ಸೆಲ್ ಶೀಟ್

ಹಾಸನದ ವಕೀಲರೊಬ್ಬರಿಗೆ ಎಲ್ಲ ವಿವರಿಸಿದೆ. ಅವರು ಕೇಳಿಸಿಕೊಂಡು, "ಸಾರ್, ನೀವು ಕೇಸ್ ಹಾಕ್ತಿರೋದು ಆಸ್ತಿಗೋ, ಬೇಜಾರಿಗೋ?" ಎಂದರು. ನನಗೆ ಸಿಟ್ಟು ಬಂತು. ಆ ರಾತ್ರಿ ಲೆಕ್ಕ ಹಾಕಿದೆ.

ಮನೆ ಸುಮಾರು 90 ಲಕ್ಷ, ಜಮೀನು ಎಕರೆಗೆ 25 ಲಕ್ಷ. ವಿಲ್ ಬಿದ್ದರೆ ನನ್ನ ಪಾಲು ಸುಮಾರು 63 ಲಕ್ಷ. ವಿಲ್ ನಿಂತರೆ 25 ಲಕ್ಷ. ಅಂದರೆ ನಾನು ಹೊಡೆದಾಡುತ್ತಿರುವುದು 38 ಲಕ್ಷಕ್ಕೆ. ಗೆಲ್ಲುವ ಸಾಧ್ಯತೆ ಅರ್ಧ ಎಂದುಕೊಂಡರೆ 19 ಲಕ್ಷ. ವಿಭಾಗದ ದಾವೆಯಲ್ಲಿ ಮೊದಲು ಪ್ರಾಥಮಿಕ ಡಿಕ್ರಿ, ಆಮೇಲೆ ಅಂತಿಮ ಡಿಕ್ರಿ, ನಡುವೆ ಮೇಲ್ಮನವಿಗಳು. ಹತ್ತು ವರ್ಷ ಎಂದುಕೊಂಡು 8% ದರದಲ್ಲಿ ಇಳಿಸಿದರೆ ಇವತ್ತಿನ ಬೆಲೆ 9 ಲಕ್ಷಕ್ಕೂ ಕಡಿಮೆ. ವಕೀಲರ ಫೀಸು 4 ಲಕ್ಷ, ಮೂರು ಸಲ ಓಡಾಟಕ್ಕೆ 3.6 ಲಕ್ಷ. ಉಳಿಯುವುದು ಒಂದು ಲಕ್ಷದ ಚಿಲ್ಲರೆ.

ಆಸ್ತಿಯ ಬೆಲೆ ಏರುವುದನ್ನು ಸೇರಿಸಿದರೆ ಈ ಸಂಖ್ಯೆ ದೊಡ್ಡದಾಗುತ್ತದೆ, ಗೆಲ್ಲುವ ಸಾಧ್ಯತೆ ಸ್ವಲ್ಪ ಇಳಿದರೆ ನಷ್ಟ ತೋರಿಸುತ್ತದೆ. ಏನೇ ಆದರೂ, ಇಷ್ಟಕ್ಕಾಗಿ ನಾನು ನನ್ನ ತಮ್ಮನನ್ನು ಕಟಕಟೆಯಲ್ಲಿ ನಿಲ್ಲಿಸಿ "ಅಪ್ಪನಿಗೆ ಓದಲು ಬಾರದ ಭಾಷೆಯಲ್ಲಿ ಸಹಿ ಹಾಕಿಸಿದೆಯಾ" ಎಂದು ಕೇಳಿಸಬೇಕಿತ್ತು. ಅಪ್ಪ ಮಲಗಿದ್ದ ಎರಡು ವರ್ಷ ಅವರಿಗೆ ಸ್ನಾನ ಮಾಡಿಸಿದವನು ಅವನು. ಆಗ ನಾನು ವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡುತ್ತಿದ್ದೆ.

ಇಷ್ಟಾದರೂ ಆ ಲೆಕ್ಕ ನನ್ನದು ಮಾತ್ರ. ಬಿಟ್ಟುಬಿಡೋಣ ಎಂದು ಅಕ್ಕನಿಗೆ ಫೋನ್ ಮಾಡಿದಾಗ ಅವಳು, "ನೀನು ಬಿಡಬಹುದು ಕಣೋ, ನಿನಗೆ ಡಾಲರ್ ಇದೆ. ನನ್ನ ಪಾಲು ಬಿಡು ಅಂತ ಹೇಳೋಕೆ ನೀನ್ಯಾರು?" ಎಂದಳು. ಅವಳು ಹೇಳಿದ್ದು ಸರಿ. ಬಾಡಿಗೆ ಮನೆಯಲ್ಲಿರುವ ಅವಳಿಗೆ 38 ಲಕ್ಷ ಎಂದರೆ ಜೀವನವೇ ಬದಲಾಗುವ ಮೊತ್ತ. ಓಡಾಟದ ಖರ್ಚೂ ಅವಳಿಗಿಲ್ಲ. ವಿದೇಶದಲ್ಲಿರುವ ನಾವು ದೊಡ್ಡ ಮನಸ್ಸು ತೋರಿಸುವಾಗ ಯಾರ ಖರ್ಚಿನಲ್ಲಿ ತೋರಿಸುತ್ತಿದ್ದೇವೆ ಎಂದು ನೋಡಿಕೊಳ್ಳಬೇಕು.

ದೂರದಿಂದ ಕೇಸು ನಡೆಸುವುದು

ಅಕ್ಕ ವಿಭಾಗಕ್ಕಾಗಿ ದಾವೆ ಹಾಕಿದಳು. ಪಾಲುದಾರನಾದ್ದರಿಂದ ನಾನೂ ಪ್ರತಿವಾದಿ. ನನ್ನ ಪರವಾಗಿ ಭಾವಮೈದುನನಿಗೆ ಪವರ್ ಆಫ್ ಅಟಾರ್ನಿ ಕೊಟ್ಟೆ: ಇಲ್ಲಿ ನೋಟರಿ ಮುಂದೆ ಸಹಿ, ಟೆಕ್ಸಾಸ್ ರಾಜ್ಯದಿಂದ ಅಪೊಸ್ಟೈಲ್, ನಂತರ ಅದು ಅಲ್ಲಿ ತಲುಪಿದ ಮೂರು ತಿಂಗಳೊಳಗೆ ಛಾಪಾ ಶುಲ್ಕ ಕಟ್ಟುವುದು. ಈ ಮೂರು ತಿಂಗಳನ್ನು ಮರೆಯಬೇಡಿ. ಪತ್ರದಲ್ಲಿ ಕೇಸು ನಡೆಸುವ ಅಧಿಕಾರ, ರಾಜಿಗೆ ಸಹಿ ಹಾಕುವ ಅಧಿಕಾರ ಎರಡನ್ನೂ ಬೇಕಾದರೆ ಮಾತ್ರ, ಬಿಡಿಸಿ ಬರೆಸಿ. ಮಾರುವ ಅಧಿಕಾರ ಕೊಡಬೇಡಿ.

ಒಂದು ಮಿತಿ ಇದೆ. ನಿಮಗೆ ಮಾತ್ರ ಗೊತ್ತಿರುವ ಸಂಗತಿಗಳ ಬಗ್ಗೆ ನಿಮ್ಮ ಬದಲು ಅವರು ಸಾಕ್ಷ್ಯ ಹೇಳುವಂತಿಲ್ಲ. ಅದಕ್ಕೆ ನೀವೇ ಬರಬೇಕು, ಇಲ್ಲವೇ ಕೋರ್ಟಿನ ಅನುಮತಿ ಪಡೆದು ವಿಡಿಯೋ ಕಾನ್ಫರೆನ್ಸ್ ಮೂಲಕ ಹೇಳಬೇಕು.

ದಾವೆ ನಡೆಯುವಾಗ ಯಾರಾದರೂ ಆಸ್ತಿ ಮಾರಿದರೆ ಕೊಂಡವರು ಕೋರ್ಟಿನ ತೀರ್ಪಿಗೆ ಬದ್ಧರು. ಆದರೂ ತಾತ್ಕಾಲಿಕ ತಡೆಯಾಜ್ಞೆ ಕೇಳುವುದು ಒಳ್ಳೆಯದು. ಪಹಣಿಯಲ್ಲಿ ತಮ್ಮನ ಹೆಸರು ಬಂತು ಎಂದು ಗಾಬರಿಯಾಗಬೇಡಿ. ಖಾತೆ, ಪಹಣಿ ಇವು ಕಂದಾಯದ ದಾಖಲೆಗಳು, ಅವುಗಳಿಂದಲೇ ಒಡೆತನ ಬರುವುದಿಲ್ಲ. ಹಾಗೆಂದು ಸುಮ್ಮನೆ ಕೂರಲೂಬೇಡಿ. ನಿಮ್ಮ ಪಾಲು ನಿರಾಕರಿಸಿದ್ದಾರೆ ಎಂದು ಗೊತ್ತಾದ ದಿನದಿಂದ ಕಾಲಮಿತಿಯ ಗಡಿಯಾರ ಓಡಲು ಶುರು.

ರಾಜಿ

ಕೋರ್ಟು ನಮ್ಮನ್ನು ಮಧ್ಯಸ್ಥಿಕೆಗೆ ಕಳಿಸಿತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಮಿನಲ್ಲಿ ಇದಕ್ಕೆ ಅವಕಾಶವಿದೆ. ಅಲ್ಲಿ ಆಡಿದ ಮಾತನ್ನು ಮುಂದೆ ಕೋರ್ಟಿನಲ್ಲಿ ಬಳಸುವಂತಿಲ್ಲ, ಹಾಗಾಗಿ ಜನ ಬಾಯಿ ಬಿಡುತ್ತಾರೆ. ನಾನು ವಿಡಿಯೋದಲ್ಲಿ ಕೂತೆ, ನನಗೆ ನಡುರಾತ್ರಿ. ಮೂರನೆಯ ಸಲ ಸೇರಿದಾಗ ಮಧ್ಯಸ್ಥರು ತಮ್ಮನನ್ನು ಕೇಳಿದರು, ನಿಮಗೆ ನಿಜವಾಗಿ ಬೇಕಿರುವುದು ಏನು ಎಂದು. "ಮನೆ ಬಿಟ್ಟು ಹೋಗು ಅಂತ ಯಾರೂ ಹೇಳಬಾರದು, ಅಷ್ಟೇ ಮೇಡಂ" ಎಂದ.

ಅಲ್ಲಿಂದ ದಾರಿ ಕಾಣಿಸಿತು. ಮನೆ ಪೂರ್ತಿ ತಮ್ಮನಿಗೆ, ವಿಲ್ ಬಗ್ಗೆ ನಾವಿಬ್ಬರೂ ಪ್ರಶ್ನೆ ಎತ್ತುವುದಿಲ್ಲ. ಬದಲಿಗೆ ಅವನು ತನ್ನ ಎರಡು ಎಕರೆಯಲ್ಲಿ ಒಂದನ್ನು ಅಕ್ಕನಿಗೆ ಬಿಟ್ಟ. ಅಕ್ಕನಿಗೆ ಎರಡು, ನನಗೆ ಒಂದು, ಅವನಿಗೆ ಒಂದು. ಇದು ಕೋರ್ಟಿನಲ್ಲಿ ರಾಜಿ ಡಿಕ್ರಿಯಾಯಿತು. ನಂತರ ಛಾಪಾ ಶುಲ್ಕ, ಅಳತೆ, 11ಇ ನಕ್ಷೆ, ಬೇರೆ ಬೇರೆ ಪಹಣಿ. 2022ರಲ್ಲಿ ಎಲ್ಲ ಮುಗಿಯಿತು.

ಇನ್ನೂ ಕೇಸ್ ಹಾಕಿಲ್ಲದವರು ಮನೆಯಲ್ಲೇ ಕೂತು ಒಪ್ಪಂದ ಮಾಡಿಕೊಳ್ಳಬಹುದು. ಮೊದಲೇ ಬಾಯಿಮಾತಿನಲ್ಲಿ ಆದ ಹಂಚಿಕೆಯನ್ನು ನೆನಪಿಗಾಗಿ ಬರೆದಿಟ್ಟರೆ ನೋಂದಣಿ ಬೇಕಿಲ್ಲ. ಆ ಪತ್ರದಿಂದಲೇ ಹಕ್ಕು ಹುಟ್ಟುವುದಾದರೆ ನೋಂದಣಿ ಬೇಕೇ ಬೇಕು. ನನ್ನ ಸಲಹೆ: ಹೇಗಿದ್ದರೂ ನೋಂದಣಿ ಮಾಡಿಸಿ.

ದುಡ್ಡಿನ ಮಾತು

ಅನಿವಾಸಿಗಳು ಕೃಷಿ ಜಮೀನು ಕೊಳ್ಳುವಂತಿಲ್ಲ, ಆದರೆ ವಾರಸಾಗಿ ಪಡೆಯಬಹುದು. ಮಾರುವುದಾದರೆ ಭಾರತದಲ್ಲೇ ವಾಸಿಸುವ ಭಾರತೀಯ ನಾಗರಿಕರಿಗೇ ಮಾರಬೇಕು. ಬಂದ ಹಣವನ್ನು ಎನ್‌ಆರ್‌ಒ ಖಾತೆಯಿಂದ ಆರ್ಥಿಕ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ, ತೆರಿಗೆ ಕಟ್ಟಿ, ಹೊರಗೆ ಕಳಿಸಬಹುದು. ಅಮೆರಿಕದಲ್ಲಿರುವವರಿಗೆ ವಾರಸಿನ ಮೇಲೆ ಆದಾಯ ತೆರಿಗೆ ಇಲ್ಲ. ಆದರೆ ಒಂದು ವರ್ಷದಲ್ಲಿ ಬಂದದ್ದು 1 ಲಕ್ಷ ಡಾಲರ್ ದಾಟಿದರೆ ಫಾರ್ಮ್ 3520 ಸಲ್ಲಿಸಬೇಕು. ಮರೆತರೆ ದಂಡ ಮೊತ್ತದ 25%ವರೆಗೆ ಏರುತ್ತದೆ.

ಇನ್ನೊಂದು: ಷೇರು, ಬ್ಯಾಂಕ್ ಠೇವಣಿಗೆ ನಾಮಿನಿ ಆಗಿರುವವರು ಒಡೆಯರಲ್ಲ, ವಾರಸುದಾರರ ಪರವಾಗಿ ಹಣ ಪಡೆಯುವವರು ಅಷ್ಟೇ. ಷೇರುಗಳ ವಿಷಯದಲ್ಲಿ 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ.

ಈ ಸಲ ಊರಿಗೆ ಹೋದಾಗ

ಅಪ್ಪ ಅಮ್ಮ ಇದ್ದಾರಾ? ವಿಲ್ ಮಾಡಿಸಲು ಹೇಳಿ. ಅವರು ಓದುವ ಭಾಷೆಯಲ್ಲಿ ಬರೆಸಿ, ನೋಂದಣಿ ಮಾಡಿಸಿ. ಪಾಲು ಪಡೆಯದ ಇಬ್ಬರು ಸಾಕ್ಷಿಗಳಿರಲಿ, ವಯಸ್ಸಾಗಿದ್ದರೆ ವೈದ್ಯರ ಪ್ರಮಾಣಪತ್ರವಿರಲಿ. ಯಾರಿಗೆ ಏಕೆ ಕಡಿಮೆ ಎಂಬ ಕಾರಣವನ್ನೂ ಬರೆಸಿ. ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲ ಮಕ್ಕಳಿಗೂ ಅವರ ಬಾಯಿಂದಲೇ ಹೇಳಿಸಿ. ನೀವೂ ವಿಲ್ ಬರೆಯಿರಿ. ಅಮೆರಿಕದ ವಿಲ್‌ನಲ್ಲಿ "ಹಿಂದಿನ ಎಲ್ಲ ವಿಲ್ ರದ್ದು" ಎಂಬ ಸಾಲಿದ್ದರೆ ಅದು ನಿಮ್ಮ ಭಾರತದ ವಿಲ್ ಅನ್ನೂ ಅಳಿಸಿಬಿಡಬಹುದು, ನೋಡಿಕೊಳ್ಳಿ.

ಇದು ನನ್ನ ಅನುಭವ, ಕಾನೂನು ಸಲಹೆಯಲ್ಲ. ನಿಮ್ಮ ದಾಖಲೆಗಳನ್ನು ಒಬ್ಬ ಸಿವಿಲ್ ವಕೀಲರಿಗೆ ತೋರಿಸಿ.

ಅಪ್ಪ ಆ ಎರಡು ಪುಟವನ್ನು ಒಂದು ಭಾನುವಾರ ಫೋನಿನಲ್ಲಿ ನನಗೆ ಓದಿ ಹೇಳಿದ್ದರೆ ನಾನು ಸ್ವಲ್ಪ ಮುನಿಸಿಕೊಂಡು, ಆಮೇಲೆ ಸರಿ ಎನ್ನುತ್ತಿದ್ದೆನೇನೋ. ಈಗ ತಮ್ಮ ಪ್ರತಿ ಸುಗ್ಗಿಗೆ ನನ್ನ ಒಂದು ಎಕರೆಯ ರಾಗಿಯ ಫೋಟೋ ಕಳಿಸುತ್ತಾನೆ. ಉಳುವವನು ಅವನೇ.